ಗಂಗಾವತಿಯ ಡಿಟಿಪಿ ಅಂಗಡಿ, ವಿಂಡೋಸ್ 7, ಹೊಸ ಬ್ರೌಸರು: ಸುಮಾರು ಮೂರು ವರ್ಷದ ಅನುಭವ

ನನ್ನದು ಗಂಗಾವತಿಯಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ಅಕ್ಕಿ ಚೀಲದ ಲೇಬಲ್ಲು, ನಡುನಡುವೆ ಝೆರಾಕ್ಸು, ಆನ್‌ಲೈನ್ ಅರ್ಜಿ. ಮುಖ್ಯ ಕಂಪ್ಯೂಟರು 2010ರಲ್ಲಿ ಜೋಡಿಸಿದ್ದು. ಕೋರ್ 2 ಡ್ಯುಯೋ, 32 ಬಿಟ್ ವಿಂಡೋಸ್ 7. ರ‍್ಯಾಮ್ 4 ಜಿಬಿ ಹಾಕಿಸಿದ್ದೇನೆ, ಆದರೆ 32 ಬಿಟ್ ಆದ್ದರಿಂದ ಅದು ಬಳಸುವುದು 3.25 ಅಷ್ಟೇ. 2021ರಲ್ಲಿ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಅದೇ ಇದರ ಆಯುಷ್ಯ ಉಳಿಸಿದ್ದು.

"ಹೊಸಾದು ತಗೋರಿ ಅಣ್ಣಾರ, ಇನ್ನೂ ಇದನ್ನ ಹಿಡ್ಕೊಂಡು ಕುಂತೀರಲ್ಲ" ಅಂತ ಬಂದವರೆಲ್ಲ ಹೇಳುತ್ತಾರೆ. ತಗೋಬಹುದು. ಆದರೆ ಈ ಪೆಟ್ಟಿಗೆಯಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ 7 ಇದೆ, ಕನ್ನಡ ಟೈಪ್ ಮಾಡುವ ನುಡಿ 4 ಇದೆ, ಹದಿನೈದು ವರ್ಷದ ಮದುವೆ ಕಾರ್ಡಿನ ಫೈಲುಗಳಿವೆ. ಅಕ್ಕನ ಮದುವೆಗೆ ಮಾಡಿದ ಕಾರ್ಡನ್ನೇ ಹೆಸರು ಬದಲಿಸಿ ತಂಗಿಗೆ ಮಾಡಿಕೊಡಿ ಅಂತ ಬರುವವರು ಬೇಕಾದಷ್ಟು ಜನ. ಸ್ಕ್ರೀನ್ ಪ್ರಿಂಟಿಗೆ ಟ್ರೇಸಿಂಗ್ ಹಾಳೆ ತೆಗೆಯುವ ಲೇಸರ್ ಪ್ರಿಂಟರು ಪ್ಯಾರಲಲ್ ಪೋರ್ಟಿನದು. ಹೊಸ ವಿಂಡೋಸ್‌ನಲ್ಲಿ ಪೇಜ್‌ಮೇಕರ್ ಓಡಿಸುವವರು ಇದ್ದಾರೆ, ಇಲ್ಲ ಅಂತಲ್ಲ. ಬಸವ ಜಯಂತಿ ಆಸುಪಾಸಿನ ಮದುವೆ ಸೀಜನ್ನಿನಲ್ಲಿ ಆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ.

ಹಾಗಾಗಿ ಇದು ಕಂಪ್ಯೂಟರಿನ ವಿಮರ್ಶೆ ಅಲ್ಲ. ವಿಂಡೋಸ್ 7ರ ಮೇಲೆ ಈಗಿನ ಬ್ರೌಸರ್ ಓಡಿಸಿದರೆ ಏನೇನಾಗುತ್ತದೆ ಅನ್ನುವುದರ ವಿಮರ್ಶೆ.

2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಸಪೋರ್ಟ್, ಅಂದರೆ ಮೈಕ್ರೋಸಾಫ್ಟ್ ಕೊಡುವ ಭದ್ರತೆಯ ತೇಪೆ, ನಿಂತಿತು. ಅವತ್ತು ನನ್ನ ಅಂಗಡಿಯಲ್ಲಿ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಮೂರು ವರ್ಷ ಕ್ರೋಮ್ ತಾನೇ ಅಪ್‌ಡೇಟ್ ಆಗುತ್ತಾ ಹೋಯಿತು, ನಾನೂ ಮರೆತೇಬಿಟ್ಟಿದ್ದೆ. ಬಿಸಿ ತಟ್ಟಿದ್ದು 2023ರಲ್ಲಿ. ಕ್ರೋಮ್ 109 ಕೊನೆಯದು. ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕು. ಎಡ್ಜ್ ಕೂಡ 109ಕ್ಕೇ ನಿಂತಿತು. ಮುಂದಿನ ಅಪ್‌ಡೇಟಿಗೆ ವಿಂಡೋಸ್ 10 ಬೇಕು ಅನ್ನುವ ಪಟ್ಟಿ ಬ್ರೌಸರಿನ ಮೇಲ್ಭಾಗದಲ್ಲಿ ಕಾಣತೊಡಗಿತು. ದಿನಾ ಇಂಟು ಒತ್ತುವುದು, ಕೆಲಸ ಮಾಡುವುದು.

ಅದೇ ವರ್ಷ ಜೂನಿನಲ್ಲಿ ಗೃಹಜ್ಯೋತಿ ಅರ್ಜಿ ಶುರುವಾಯಿತು. ಅಂಗಡಿ ಮುಂದೆ ಪಾಳಿ. ಕ್ರೋಮ್ 109ರಲ್ಲೇ ಎಲ್ಲ ಅರ್ಜಿ ಹಾಕಿದೆ, ಎಲ್ಲೂ ತೊಡಕಾಗಲಿಲ್ಲ. ಬ್ರೌಸರಿಗೆ ಆಗ ಐದು ತಿಂಗಳ ವಯಸ್ಸು, ತೊಡಕು ಆಗುವುದಾದರೂ ಯಾಕೆ? ಹಳೆ ಬ್ರೌಸರ್ ಒಂದೇ ದಿನಕ್ಕೆ ಸಾಯುವುದಿಲ್ಲ. ಅಲ್ಲೊಂದು ಇಲ್ಲೊಂದು ಗುಂಡಿ ಸತ್ತುಹೋಗುತ್ತದೆ, ಅಷ್ಟೇ.

ಗುಂಡಿ ಸಾಯುವುದು ಅಂದರೆ ಹೀಗೆ. 2024ರಲ್ಲಿ ಒಂದು ಸೈಟಿನಲ್ಲಿ ಅರ್ಜಿ ತುಂಬಿ ಮುಗಿಸಿದ್ದೆ. ಕೊನೆಗೆ ರಸೀದಿಯ ಪಿಡಿಎಫ್ ಪುಟದೊಳಗೇ ತೆರೆಯಬೇಕು. ತೆರೆಯಿತು, ಬಿಳಿ ಹಾಳೆ. ತಪ್ಪಿನ ಸಂದೇಶ ಇಲ್ಲ, ಏನಿಲ್ಲ. ಎದುರಿಗೆ ಕೂತ ಅಜ್ಜ "ನಂದು ಬರವಲ್ದೇನ್ರಿ?" ಅಂತ ನಾಲ್ಕು ಸಲ ಕೇಳಿದ. ನೆಟ್ ನಿಧಾನ ಅಂತ ರೂಟರ್ ಆರಿಸಿ ಹಾಕಿದೆ. ಸರ್ವರ್ ಡೌನ್ ಅಂತ ಕಾಯಿಸಿದೆ. ಆಮೇಲೆ ಮೊಬೈಲಿನಲ್ಲಿ ತೆರೆದರೆ ಸರಿಯಾಗೇ ಬಂತು.

ರಾತ್ರಿ ಕೂತು ಎಫ್12 ಒತ್ತಿ ಕನ್ಸೋಲ್, ಅಂದರೆ ಪುಟದ ತಪ್ಪುಗಳನ್ನು ಬ್ರೌಸರ್ ಬರೆದಿಡುವ ಜಾಗ, ನೋಡಿದೆ. ಪ್ರಾಮಿಸ್ ವಿತ್‌ರಿಸಾಲ್ವರ್ಸ್ ಅನ್ನುವ ಫಂಕ್ಷನ್ ಇಲ್ಲ ಅಂತ ಕೆಂಪು ಸಾಲು. ಫಂಕ್ಷನ್ ಅಂದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕು. ಇದು ವೆಬ್ ಪುಟಗಳನ್ನು ಓಡಿಸುವ ಜಾವಾಸ್ಕ್ರಿಪ್ಟ್ ಭಾಷೆಯ ಹೊಸ ಸೇರ್ಪಡೆ. ಕ್ರೋಮ್‌ಗೆ ಬಂದದ್ದು 119ರಲ್ಲಿ, ಫೈರ್‌ಫಾಕ್ಸ್‌ಗೆ 121ರಲ್ಲಿ. ಪುಟದೊಳಗೆ ಪಿಡಿಎಫ್ ತೋರಿಸಲು ಬಹಳ ಸೈಟುಗಳು ಬಳಸುವುದು ಪಿಡಿಎಫ್.ಜೆಎಸ್. ಅದರ ಹೊಸ ಆವೃತ್ತಿ ಈ ಫಂಕ್ಷನ್ ಕರೆಯುತ್ತದೆ. ನನ್ನ 109ರಲ್ಲಿ ಅದು ಇಲ್ಲವೇ ಇಲ್ಲ. ಸೈಟಿನವರ ಮೇಲೆ ಸಿಟ್ಟು ಮಾಡಿ ಏನು ಉಪಯೋಗ?

ಆಗ ಶುರುವಾಯಿತು ನೋಡಿ ನನ್ನ ಹುಡುಕಾಟ. ಮೊದಲ ಎಡವಟ್ಟನ್ನೂ ಹೇಳಬೇಕು. "ವಿಂಡೋಸ್ 7ಕ್ಕೆ ಲೇಟೆಸ್ಟ್ ಕ್ರೋಮ್" ಅಂತ ಯಾವುದೋ ಸೈಟಿನಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ ಇತ್ತು. ಒತ್ತಿದೆ. ಬಂದದ್ದು ಕ್ರೋಮ್ ಅಲ್ಲ, ಜಾಹೀರಾತಿನ ಜಾತ್ರೆ. ಹೋಮ್‌ಪೇಜ್ ಬದಲು, ಮೂಲೆಯಲ್ಲಿ ರಮ್ಮಿ ಆಟ, ಹುಡುಕಿದ್ದೇ ಒಂದು ಬರುವುದೇ ಒಂದು. ಒಂದು ಭಾನುವಾರ ಪೂರ್ತಿ ಅದನ್ನು ತೊಳೆಯುವುದರಲ್ಲಿ ಹೋಯಿತು. ಬ್ರೌಸರ್ ತಗೊಂಡರೆ ಅದನ್ನು ಮಾಡಿದವರ ಪುಟದಿಂದಲೇ ತಗೊಳ್ಳಿ.

ನಿಜವಾದ ಹೊಸ ಕ್ರೋಮ್ ಫೈಲನ್ನೇ ತಂದು ಹಾಕಿದರೂ ನಡೆಯುವುದಿಲ್ಲ. ಯಾಕೆ ಅಂದರೆ ಬ್ರೌಸರ್ ತನ್ನ ಎಲ್ಲ ಕೆಲಸ ತಾನೇ ಮಾಡುವುದಿಲ್ಲ, ವಿಂಡೋಸ್‌ನೊಳಗಿನ ಫಂಕ್ಷನ್‌ಗಳನ್ನು ಕರೆದು ಮಾಡಿಸುತ್ತದೆ. ವಿಂಡೋಸ್ 10ರಲ್ಲಿರುವ ಕೆಲವು 7ರಲ್ಲಿ ಹುಟ್ಟೇ ಇಲ್ಲ. ಕರೆದಾಗ ಓ ಅನ್ನುವವರಿಲ್ಲ. ಎಂಟ್ರಿ ಪಾಯಿಂಟ್ ಸಿಗಲಿಲ್ಲ ಅನ್ನುವ ಪೆಟ್ಟಿಗೆ ಬರುತ್ತದಲ್ಲ, ಅದರ ಅರ್ಥ ಇದೇ.

ಇದಕ್ಕೆ ದಾರಿ ಮಾಡಿರುವುದು ಸೂಪರ್‌ಮಿಯಂ ಅನ್ನುವ ಬ್ರೌಸರು. ಕ್ರೋಮ್‌ನ ಮೂಲವಾದ ಕ್ರೋಮಿಯಂ ಮುಕ್ತ ಕೋಡ್ ಅಲ್ವಾ, ಅದನ್ನು ತಗೊಂಡು ಹಳೆ ವಿಂಡೋಸ್‌ನಲ್ಲಿ ಇಲ್ಲದ ಫಂಕ್ಷನ್‌ಗಳನ್ನು ಪಕ್ಕದಿಂದ ಪೂರೈಸುವಂತೆ ಮಾಡಿದ್ದಾರೆ. ಎಕ್ಸ್‌ಪಿ, ವಿಸ್ಟಾದಲ್ಲೂ ಓಡುತ್ತದೆ. ಎಕ್ಸ್‌ಪಿಗೆ ಕ್ರೋಮ್ ನಿಂತದ್ದು 2016ರಲ್ಲಿ, 49ನೇ ಆವೃತ್ತಿಗೆ. ಅಂಥದ್ದಕ್ಕೂ ಜೀವ ಕೊಟ್ಟಿದ್ದಾರೆ. 32 ಬಿಟ್‌ಗೆ ಬೇರೆ ಫೈಲ್ ಇದೆ, ನನಗೆ ಬೇಕಾಗಿದ್ದೂ ಅದೇ. ವಿಂಡೋಸ್ 7ರ ಗಾಜಿನಂಥ ಟೈಟಲ್ ಪಟ್ಟಿಯನ್ನೂ ವಾಪಸ್ ತಂದಿದ್ದಾರೆ. ಅದು ಕೆಲಸಕ್ಕೆ ಬರುವುದಲ್ಲ, ಆದರೆ ನೋಡಿದಾಗ ಖುಷಿಯಾಯಿತು.

ಹಾಕಿದ ದಿನ ಮೊದಲು ತೆರೆದದ್ದು ಅಜ್ಜನ ಪಿಡಿಎಫ್ ಸೈಟು. ಬಂತು. ಎರಡನೆಯದು ವಾಟ್ಸಾಪ್ ವೆಬ್. ನಮ್ಮ ಕಸುಬಿನಲ್ಲಿ ಈಗ ಪೆನ್‌ಡ್ರೈವ್ ತರುವವರೇ ಇಲ್ಲ. ವರನ ಫೋಟೋ, ದೇವರ ಫೋಟೋ, ಆಮಂತ್ರಿಸುವವರ ಹೆಸರಿನ ಪಟ್ಟಿ, ಎಲ್ಲ ವಾಟ್ಸಾಪಿನಲ್ಲೇ. ಅದು ನಡೆದರೆ ಅಂಗಡಿ ನಡೆದಂತೆ. ಇವತ್ತಿಗೂ ನಡೆಯುತ್ತಿದೆ.

ಕನ್ನಡ ಹೇಗೆ ಕಾಣುತ್ತದೆ ಅಂತ ಕೇಳುವವರಿಗೆ: ಚೆನ್ನಾಗಿ ಕಾಣುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಅನ್ನುವ ತಮ್ಮದೇ ಭಾಗದಿಂದ ಮಾಡುತ್ತವೆ. ಒತ್ತಕ್ಷರಕ್ಕೆ ವಿಂಡೋಸ್‌ನ ಮುಖ ನೋಡುವುದಿಲ್ಲ. ಫಾಂಟ್ ಮಾತ್ರ ವಿಂಡೋಸ್‌ನದೇ ತುಂಗಾ, ಸಣ್ಣ ಗಾತ್ರದಲ್ಲಿ ಕಣ್ಣಿಗೆ ತ್ರಾಸು. ನೋಟೋ ಸಾನ್ಸ್ ಕನ್ನಡ ಹಾಕಿ ಬ್ರೌಸರಿನ ಸೆಟ್ಟಿಂಗಿನಲ್ಲಿ ಆರಿಸಿಕೊಂಡೆ, ಸರಿಹೋಯಿತು. ನುಡಿಯಲ್ಲಿ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅರ್ಜಿಗೆ ಅಂಟಿಸಿದರೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದು ಬ್ರೌಸರಿನ ತಪ್ಪಲ್ಲ. ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಡೆ ಕನ್ನಡವಾಗೇ ಓದಿಸಿಕೊಳ್ಳುವ ಅಕ್ಷರಕ್ಕೆ, ಬದಲಿಸಿಕೊಳ್ಳಬೇಕು.

ಸೂಪರ್‌ಮಿಯಂನ ಮಿತಿಗಳೂ ಇವೆ. ಕ್ರೋಮ್ ಬೇಗ ಬೇಗ ಹೊಸ ಆವೃತ್ತಿ ಬಿಡುತ್ತದೆ, ಇದು ಅದರ ಹಿಂದೆ ಕುಂಟುತ್ತಾ ಬರುತ್ತದೆ. 126ರಿಂದ 132ಕ್ಕೆ ಅಂತ ಜಿಗಿಯುತ್ತದೆ. ಬೆರಳೆಣಿಕೆಯ ಜನರ ದುಡಿಮೆ, ದುಡ್ಡು ಕೊಡದೆ ತಗೊಂಡು ಬೈಯುವುದು ನ್ಯಾಯವೂ ಅಲ್ಲ. ಆದರೆ ಕ್ರೋಮ್‌ನಲ್ಲಿ ಇವತ್ತು ಮುಚ್ಚಿದ ಕಿಂಡಿ ಇದರಲ್ಲಿ ಮುಚ್ಚಲು ದಿನ ಹಿಡಿಯುತ್ತದೆ ಅನ್ನುವುದು ತಲೆಯಲ್ಲಿರಲಿ. ರ‍್ಯಾಮ್ ಕೂಡ ಜಾಸ್ತಿ ತಿನ್ನುತ್ತದೆ. ನನ್ನ 3.25 ಜಿಬಿಯಲ್ಲಿ ಪೇಜ್‌ಮೇಕರ್ ತೆರೆದಿಟ್ಟು ಆರು ಟ್ಯಾಬ್ ತನಕ ಪರವಾಗಿಲ್ಲ. ಏಳನೆಯದಕ್ಕೆ ಏದುಸಿರು.

ಫೈರ್‌ಫಾಕ್ಸ್ 115 ಇಎಸ್‌ಆರ್ ಕೂಡ ಇಟ್ಟುಕೊಂಡಿದ್ದೇನೆ. ಇಎಸ್‌ಆರ್ ಅಂದರೆ ಹೆಚ್ಚು ಕಾಲ ಭದ್ರತೆಯ ತೇಪೆ ಸಿಗುವ ಆವೃತ್ತಿ. ಇದು 2023ರ ಜುಲೈನದು, ವಿಂಡೋಸ್ 7ಕ್ಕೆ ಬಂದ ಕೊನೆಯ ಸಾಲು. ಭದ್ರತೆಯ ತೇಪೆ ನಿಲ್ಲಿಸುವ ದಿನವನ್ನು ಮುಂದೂಡುತ್ತಲೇ ಬಂದರು. ಮೊದಲು 2024ರ ಸೆಪ್ಟೆಂಬರ್ ಅಂದರು, ಆಮೇಲೆ 2025ರ ಮಾರ್ಚ್, ಆಮೇಲೆ ಸೆಪ್ಟೆಂಬರ್, ಆಮೇಲೆ 2026ರ ಮಾರ್ಚ್. ಸಾಲಗಾರನಿಗೆ ಗಡುವು ಕೊಟ್ಟಂತೆ. ಬರುತ್ತಿದ್ದುದು ತೇಪೆ ಮಾತ್ರ, ಹೊಸ ಸವಲತ್ತು ಅಲ್ಲ. ಹಾಗಾಗಿ ಅಜ್ಜನ ಪಿಡಿಎಫ್ ಇದರಲ್ಲೂ ಬಿಳಿಯೇ. ಕೆಲವು ಪುಟಗಳ ಮೆನು ಒಂದರ ಮೇಲೊಂದು ಬಿದ್ದು ಕಾಣುತ್ತದೆ, ಪುಟದ ಅಂದಚಂದ ಹೇಳುವ ಸಿಎಸ್‌ಎಸ್‌ನ ಹೊಸ ಬರವಣಿಗೆ ಇದಕ್ಕೆ ಓದಲು ಬರುವುದಿಲ್ಲ. ಆದರೂ ಸುದ್ದಿ ಓದಲು, ಜಾಹೀರಾತು ತಡೆಯುವ ಯೂಬ್ಲಾಕ್ ಆ್ಯಡ್‌ಆನ್ ಹಾಕಿ ನೆಮ್ಮದಿಯಾಗಿ ತಿರುಗಾಡಲು ಇದೇ ಹಗುರ. ಅಪ್‌ಡೇಟ್ ಮಾತ್ರ ನಿಲ್ಲಿಸಬೇಡಿ. 2025ರ ಮಾರ್ಚ್ 14ಕ್ಕೆ ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದ ಒಂದು ಮೂಲ ಸರ್ಟಿಫಿಕೇಟಿನ (ಅಸಲಿಯೇ ಅಂತ ಪರೀಕ್ಷಿಸುವ ಡಿಜಿಟಲ್ ಮುದ್ರೆ) ಅವಧಿ ಮುಗಿಯಿತು. 115.13ಕ್ಕಿಂತ ಹಳೆಯದರಲ್ಲೇ ಉಳಿದವರಿಗೆ ಆ್ಯಡ್‌ಆನ್ ಕೈಕೊಡುವ ಹಾಗಾಯಿತು.

ಸರ್ಟಿಫಿಕೇಟ್ ಅಂದಾಗ ನೆನಪಾಯಿತು. ಒಂದು ಬೆಳಿಗ್ಗೆ ಬಂದು ತೆರೆದರೆ ಎಲ್ಲ ಸೈಟೂ "ಸುರಕ್ಷಿತವಲ್ಲ". ಎರಡೂ ಬ್ರೌಸರಿನಲ್ಲಿ. ಕಡೆಗೂ ವಿಂಡೋಸ್ 7ರ ಕಥೆ ಮುಗಿಯಿತು ಅಂದುಕೊಂಡೆ. ಪಕ್ಕದ ಮೊಬೈಲ್ ರಿಪೇರಿ ಹುಡುಗ ಬಂದು ಸ್ಕ್ರೀನಿನ ಮೂಲೆ ತೋರಿಸಿ "ಕಾಕಾ, ನೀವು ಇನ್ನೂ 2009ರಾಗ ಅದೀರಿ" ಅಂದ. ರಾತ್ರಿ ಕರೆಂಟ್ ಹೋಗಿತ್ತು, ಮದರ್‌ಬೋರ್ಡಿನ ಸೆಲ್ ಸತ್ತಿತ್ತು, ತಾರೀಖು ಹಿಂದಕ್ಕೆ ಓಡಿತ್ತು. ಸೈಟುಗಳ ಇವತ್ತಿನ ಸರ್ಟಿಫಿಕೇಟು 2009ರಲ್ಲಿ ಇನ್ನೂ ಶುರುವೇ ಆಗಿಲ್ಲವಲ್ಲ, ಬ್ರೌಸರ್ ಒಪ್ಪುವುದು ಹೇಗೆ? ಸಿಆರ್2032 ಸೆಲ್ ಒಂದು ಹಾಕಿದ ಮೇಲೆ ಸರಿಹೋಯಿತು. ಹಳೆ ಯಂತ್ರ ಇಟ್ಟುಕೊಂಡವರು ಡ್ರಾಯರಿನಲ್ಲಿ ಒಂದು ಸೆಲ್ ಇಟ್ಟಿರಿ.

ವಿಡಿಯೋ ಬಗ್ಗೆ ಒಂದೇ ಮಾತು: ಯಂತ್ರಕ್ಕೆ ಹಗುರವಾದ ಮಾದರಿಯ ವಿಡಿಯೋ ತರಿಸುವ ಎಚ್264ಇಫೈ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ 480ರಲ್ಲಿ ನಿಲ್ಲದೆ ಓಡುತ್ತದೆ. ಅದಕ್ಕಿಂತ ಜಾಸ್ತಿ ಕೇಳಬೇಡಿ.

ಈಗ ನನಗೆ ತಿಳಿಯಲು ತಡವಾದ ವಿಷಯ. ಬ್ರೌಸರ್ ಹೊಸದಾದರೆ ಸಾಕು, ಬ್ಯಾಂಕ್ ಕೆಲಸವೂ ಇದರಲ್ಲೇ ಮಾಡಬಹುದು ಅಂದುಕೊಂಡಿದ್ದೆ. ಸೈಟು ತೆರೆಯುತ್ತದೆ, ಲಾಗಿನ್ ಆಗುತ್ತದೆ, ಎಲ್ಲ ಸರಿಯಾಗೇ ಕಾಣುತ್ತದೆ. ತೊಂದರೆ ಇರುವುದು ಕೆಳಗೆ. ಬ್ರೌಸರ್ ಪ್ರತಿ ಪುಟವನ್ನೂ ಒಂದು ಬೇಲಿಯೊಳಗೆ ಕೂಡಿಹಾಕುತ್ತದೆ. ಆ ಬೇಲಿಯ ಗೂಟ ನೆಟ್ಟಿರುವುದು ವಿಂಡೋಸ್‌ನ ನೆಲದಲ್ಲಿ. ಪುಟದಿಂದ ವಿಂಡೋಸ್‌ನ ಒಂದು ಹಳೆ ತೂತುಬಿದ್ದ ಭಾಗಕ್ಕೆ ದಾರಿಯನ್ನೇ ಮುಚ್ಚಿಬಿಡುವ ಸೌಲಭ್ಯ ವಿಂಡೋಸ್ 8ರಿಂದ ಇದೆ, 7ರಲ್ಲಿ ಇಲ್ಲ. ಆ ಭಾಗದ ಹೆಸರು ವಿನ್32ಕೆ. 2019ರ ಮಾರ್ಚಿನಲ್ಲಿ ಗೂಗಲ್‌ನವರೇ ತಿಳಿಸಿದ ಒಂದು ದಾಳಿ ಹೀಗೇ ನಡೆದಿತ್ತು. ಕ್ರೋಮ್‌ನ ಒಂದು ತೂತಿನಿಂದ ಒಳಗೆ ಬಂದು, ವಿನ್32ಕೆಯ ತೂತಿನಿಂದ ಬೇಲಿ ದಾಟುವುದು. ಅದು ನಡೆದದ್ದನ್ನು ಅವರು ಕಂಡಿದ್ದು 32 ಬಿಟ್ ವಿಂಡೋಸ್ 7ರಲ್ಲಿ ಮಾತ್ರ. ಅಂದರೆ ನನ್ನಂಥ ಯಂತ್ರದಲ್ಲೇ. ಆ ತೂತು ಆಗ ಮುಚ್ಚಿದರು, ಯಾಕೆಂದರೆ ಆಗ ಸಪೋರ್ಟ್ ಇತ್ತು. ಇನ್ನು ಮುಂದೆ ಸಿಗುವುದನ್ನು ನನಗೆ ಯಾರು ಮುಚ್ಚಿಕೊಡುತ್ತಾರೆ?

ಇದನ್ನು ಓದಿದ ವಾರವೇ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು ಲಿನಕ್ಸ್ ಮಿಂಟ್ ಹಾಕಿಸಿದೆ. ಬ್ಯಾಂಕು, ಆಧಾರ್, ಓಟಿಪಿ ಬೇಡುವ ಅರ್ಜಿ ಎಲ್ಲ ಅದರಲ್ಲಿ. ಅಲ್ಲಿ ಫೈರ್‌ಫಾಕ್ಸ್ ಇವತ್ತಿನದೇ ಬರುತ್ತದೆ. ವಿಂಡೋಸ್ 7ರಲ್ಲಿ ಸೂಪರ್‌ಮಿಯಂ, ವಾಟ್ಸಾಪ್, ಫೋಟೋ ಹುಡುಕುವುದು, ಪೇಜ್‌ಮೇಕರ್. ಈ ಹಂಚಿಕೆ ಇಟ್ಟುಕೊಂಡರೆ ಸೂಪರ್‌ಮಿಯಂಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಫೈರ್‌ಫಾಕ್ಸ್ 115ಕ್ಕೆ ಮೂರು. ಒಂದೇ ಯಂತ್ರದಲ್ಲಿ ದುಡ್ಡಿನ ಕೆಲಸವನ್ನೂ ಮಾಡುತ್ತೇನೆ ಅನ್ನುವವರಿಗೆ ಎರಡನ್ನೂ ಹೇಳುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಸಪೋರ್ಟ್ ನಿಂತಿತು. ಹತ್ತು ವರ್ಷದಿಂದ ನನ್ನ ಪೆಟ್ಟಿಗೆ ನೋಡಿ ನಗುತ್ತಿದ್ದ ಎದುರಿನ ಝೆರಾಕ್ಸ್ ಅಂಗಡಿಯವರು ಮೊನ್ನೆ ಚಹಾಕ್ಕೆ ಕರೆದರು. ಅವರ ಪ್ರೊಸೆಸರಿಗೆ ವಿಂಡೋಸ್ 11 ಹತ್ತುವುದಿಲ್ಲವಂತೆ. "ಮುಂದೇನು ಮಾಡಬೇಕ್ರಿ?" ಅಂದರು. ಕ್ರೋಮ್ ಇನ್ನೂ ಬರುತ್ತದೆ, ಸದ್ಯ ಗಾಬರಿ ಬೇಡ ಅಂದೆ. ಚಹಾದ ದುಡ್ಡು ಅವರೇ ಕೊಟ್ಟರು.