ಲಾಲ್‌ಬಾಗ್ ನೋಡಬೇಕಾ? ಮಂಗಳವಾರ ಬೆಳಿಗ್ಗೆ ಹೋಗಿ

ಊರಿಂದ ಬರುವ ನೆಂಟರು ಲಾಲ್‌ಬಾಗ್‌ಗೆ ಯಾವಾಗ ಹೋಗೋಣ ಅಂತ ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಮಾತು. ವಾರದ ಮಧ್ಯೆ ಯಾವುದಾದರೂ ಒಂದು ದಿನ, ಬೆಳಿಗ್ಗೆ ಆರೂವರೆ ಹೊತ್ತಿಗೆ ಒಳಗಿರಿ. ಬಹಳ ಜನ ಈ ತೋಟವನ್ನು ಜನವರಿ ಇಲ್ಲವೇ ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನ ಮಾತ್ರ ನೋಡಿರುತ್ತಾರೆ. ಹೂವು ನೋಡಿದ ಖುಷಿಯಲ್ಲಿ ವಾಪಸ್ ಹೋಗುತ್ತಾರೆ, ಸರಿ. ಮರಗಳನ್ನು ನೋಡಿಯೇ ಇರುವುದಿಲ್ಲ.

ನಾನೂ ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದು ಅಂಥ ದಿನವೇ. ಆಗಸ್ಟ್ 15ರ ರಜೆ. ಆಟೋದವರು ಯಾವುದೋ ಗೇಟಿನ ಹತ್ತಿರ ಇಳಿಸಿ ಹೋದರು, ಅಲ್ಲಿಂದ ಟಿಕೆಟ್ ಸಾಲು ಹುಡುಕಿಕೊಂಡು ಹೋಗಿ, ಒಳಗೆ ಸೇರಿದ ಮೇಲೆ ಗಾಜಿನ ಮನೆಯ ಸಾಲಿನಲ್ಲಿ ಮತ್ತೆ ನಿಂತು, ಜನ ತಳ್ಳಿದ ಕಡೆಗೆ ನಡೆದು, ಹೂವಿನ ಮುಂದೆ ಎರಡು ನಿಮಿಷ ನಿಲ್ಲುವುದಕ್ಕೂ ಆಗದೆ ಹೊರಗೆ ಬಂದೆವು. ಅಮ್ಮನಿಗೆ ಮಂಡಿನೋವು. ಹೊರಗೆ ಒಂದು ಕಲ್ಲುಬೆಂಚಿನ ಮೇಲೆ ಕೂತು, ಎದುರಿಗಿದ್ದ ಮರ ನೋಡುತ್ತಾ, "ಇದು ಯಾವ ಮರನೋ?" ಅಂದಳು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬೆಂಗಳೂರಲ್ಲಿದ್ದು ಅದು ಗೊತ್ತಿಲ್ಲ ಅಂತ ಬೇಜಾರಾಯಿತು. ಅವತ್ತೇ ತೀರ್ಮಾನ ಮಾಡಿದೆ, ಇನ್ನೊಂದು ಸಲ ಸರಿಯಾಗಿ ನೋಡಬೇಕು ಅಂತ.

ಎರಡು ವಾರ ಬಿಟ್ಟು ಮಂಗಳವಾರ ಹೋದೆವು. ಮೆಟ್ರೋದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ವೆಸ್ಟ್ ಗೇಟ್ ಪಕ್ಕದಲ್ಲೇ ಇದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ತೋಟಕ್ಕೆ ನಾಲ್ಕು ದಿಕ್ಕಿಗೂ ಗೇಟ್ ಇದೆ, ಒಳಗೆ 240 ಎಕರೆ, ಹಾಗಾಗಿ ಯಾವ ಗೇಟಲ್ಲಿ ಇಳಿಯುತ್ತೀರಿ ಅನ್ನುವುದು ಮುಖ್ಯ. ಬಂಡೆ ಒಂದು ತುದಿಗಿದೆ, ಕೆರೆ ಇನ್ನೊಂದು ತುದಿಗಿದೆ. ಎರಡೂ ಒಂದೇ ದಿನ ನೋಡುತ್ತೇನೆ ಅಂದರೆ ಗಟ್ಟಿ ಚಪ್ಪಲಿ ಹಾಕಿಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋದರೆ ವಾಕಿಂಗ್ ಮಾಡುವವರ ಹೊತ್ತು, ಟಿಕೆಟ್ ಇರುವುದಿಲ್ಲ. ಆಮೇಲೆ ಹೋದರೆ ಟಿಕೆಟ್ ತಗೋಬೇಕು.

ಅವತ್ತು ಮೊದಲು ಸಿಕ್ಕಿದ್ದು ನಾಗಲಿಂಗದ ಮರ. ಅಮ್ಮನೇ ಗುರುತು ಹಿಡಿದಳು. ಕಾಂಡದಿಂದ ಹಗ್ಗದ ಥರ ಕೊಂಬೆಗಳು ಹೊರಟು, ಅದರ ತುಂಬ ಹೂವು. ಎಲೆಯ ನಡುವೆ ಎಲ್ಲೂ ಹೂವಿಲ್ಲ, ಎಲ್ಲ ಕಾಂಡಕ್ಕೇ ಅಂಟಿಕೊಂಡಿವೆ. ಕೆಳಗೆ ಬಿದ್ದಿದ್ದ ಒಂದು ಹೂವನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದೆವು. ಆರು ದಪ್ಪ ಎಸಳು, ಒಳಗೆ ಕೆಂಪು, ಹೊರಗೆ ಸ್ವಲ್ಪ ಹಳದಿ. ನಡುವೆ ಸಣ್ಣ ಉಂಡೆ, ಅದರ ಸುತ್ತ ಕೇಸರಗಳ ಉಂಗುರ. ಒಂದು ಪಕ್ಕದಿಂದ ಎದ್ದ ಹೆಡೆ ಆ ಉಂಡೆಯ ಮೇಲೆ ಬಾಗಿ ನೆರಳು ಕೊಟ್ಟ ಹಾಗಿದೆ. ಹೆಡೆಯ ತುದಿಗೆ ಸಣ್ಣ ಸಣ್ಣ ಎಳೆಗಳು. ಹೆಸರು ಇಟ್ಟವರು ಎಷ್ಟು ಹತ್ತಿರದಿಂದ ನೋಡಿರಬೇಕು ಅಲ್ವಾ? ಆಶ್ಚರ್ಯ ಅಂದರೆ ಈ ಮರದ ಮೂಲ ದಕ್ಷಿಣ ಅಮೆರಿಕ. ಅಲ್ಲಿಂದ ಬಂದು, ಇಲ್ಲಿ ಶಿವನ ಹೆಸರು ಪಡೆದು, ದೇವಸ್ಥಾನಗಳ ಅಂಗಳದಲ್ಲಿ ಬೆಳೆಯುತ್ತಿದೆ. ಹೂವಿನ ವಾಸನೆ ಬಹಳ ಚೆನ್ನಾಗಿರುತ್ತದೆ. ಕಾಯಿ ಮಾತ್ರ ಫಿರಂಗಿ ಗುಂಡಿನಷ್ಟು ದೊಡ್ಡದು, ಬಿದ್ದು ಒಡೆದರೆ ಕೆಟ್ಟ ನಾತ. ಮರದ ಕೆಳಗೇ ನಿಲ್ಲಬೇಡಿ, ತಲೆಗೆ ಬಿದ್ದರೆ ಕಷ್ಟ.

ಆ ಹೂವನ್ನು ಅಮ್ಮ ಕಣ್ಣಿಗೊತ್ತಿಕೊಂಡು ಮರದ ಬುಡದಲ್ಲೇ ಇಟ್ಟಳು.

ಬಿಳಿ ಬೂರುಗದ ಮರ ನೋಡದೆ ಬರಬೇಡಿ. ದಾರಿ ಗೊತ್ತಾಗದಿದ್ದರೆ ಅಲ್ಲಿ ಓಡಾಡುವ ಯಾರನ್ನು ಕೇಳಿದರೂ ತೋರಿಸುತ್ತಾರೆ. ಇನ್ನೂರು ವರ್ಷ ದಾಟಿದ ಮರ ಅನ್ನುತ್ತಾರೆ. ಬೇರುಗಳು ನೆಲದ ಮೇಲೆ ಗೋಡೆಗಳ ಹಾಗೆ ಎದ್ದು ನಿಂತಿವೆ, ಎರಡು ಬೇರಿನ ನಡುವೆ ಒಬ್ಬ ಮನುಷ್ಯ ಮರೆಯಾಗಿ ನಿಲ್ಲಬಹುದು. ಅಷ್ಟು ಎತ್ತರದ ಮರ ಗಾಳಿಗೆ ಉರುಳದಂತೆ ಈ ಗೋಡೆಬೇರುಗಳೇ ಆಸರೆ. ಅಮ್ಮನಿಗೆ ನೆನಪಾಗಿದ್ದು ಮಾತ್ರ ದಿಂಬು. ಚಿಕ್ಕವಳಿದ್ದಾಗ ಬೂರುಗದ ಕಾಯಿ ಒಡೆದು, ಬೀಜ ಬಿಡಿಸಿ, ಹತ್ತಿ ತುಂಬಿ ದಿಂಬು ಹೊಲಿಯುತ್ತಿದ್ದರಂತೆ. ಹತ್ತಿ ಮೂಗಿಗೆ ಹೋಗಿ ಇಡೀ ದಿನ ಸೀನು. ಹತ್ತು ನಿಮಿಷ ಆ ಬೇರಿನ ಪಕ್ಕ ನಿಂತು ಅದನ್ನೇ ಹೇಳಿದಳು. ಆಗಸ್ಟ್ 15ರಂದು ನಮಗೆ ಸಿಗದೇ ಹೋಗಿದ್ದು ಆ ಹತ್ತು ನಿಮಿಷ.

ತೋಟದ ಕಥೆ ಸ್ವಲ್ಪ ಗೊತ್ತಿದ್ದರೆ ನಡಿಗೆ ಇನ್ನೂ ಚೆನ್ನಾಗಿರುತ್ತದೆ. 1760ರಲ್ಲಿ ಹೈದರಾಲಿ ಇದನ್ನು ಶುರು ಮಾಡಿದ್ದು. ಶಿರಾದಲ್ಲಿದ್ದ ಮೊಗಲರ ತೋಟವನ್ನು ನೋಡಿ ಅವನಿಗೆ ಇಂಥದ್ದೊಂದು ಬೇಕು ಅನ್ನಿಸಿತು. ಆಗ ಸುಮಾರು 40 ಎಕರೆ ಮಾತ್ರ ಇತ್ತು. ಮಗ ಟಿಪ್ಪು ದೂರದೂರದ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯತೋಟ ಆಯಿತು. ಆಮೇಲೆ ತೋಟವನ್ನು ನೋಡಿಕೊಂಡವರಲ್ಲಿ ಮೂವರ ಹೆಸರು ನೆನಪಿಟ್ಟುಕೊಳ್ಳಿ. ಜಾನ್ ಕ್ಯಾಮರಾನ್, ಜರ್ಮನಿಯ ಕ್ರುಂಬಿಗಲ್, ನಮ್ಮವರೇ ಆದ ಮರಿಗೌಡರು. ಬೇರೆ ಊರಿನ ತರಕಾರಿ, ಹಣ್ಣಿನ ಗಿಡಗಳನ್ನು ತರಿಸಿ ಇಲ್ಲಿಯ ಮಣ್ಣಿಗೆ ಒಗ್ಗಿಸಿದ್ದು ಕ್ಯಾಮರಾನ್ ಕಾಲದ ದೊಡ್ಡ ಕೆಲಸ. ನಾವು ಸಾರಿಗೆ ಹಾಕುವ ಸೀಮೆಬದನೆಕಾಯಿ ಬೆಂಗಳೂರಿಗೆ ಬಂದಿದ್ದು ಹೀಗೇ. ತಮಿಳರು ಅದನ್ನು ಇವತ್ತಿಗೂ ಬೆಂಗಳೂರು ಕತ್ತರಿಕಾಯಿ ಅನ್ನುತ್ತಾರೆ. ಅಮ್ಮನಿಗೆ ಇದನ್ನು ಹೇಳಿದಾಗ ನಂಬಲೇ ಇಲ್ಲ. "ಸೀಮೆಯಿಂದ ಬಂದಿದ್ದಕ್ಕೇ ಸೀಮೆಬದನೆ ಅಂತ ಇರೋದು" ಅಂತ ಆಮೇಲೆ ಅವಳೇ ಬಿಡಿಸಿ ಹೇಳಿದಳು!

ಕ್ರುಂಬಿಗಲ್ ಬಗ್ಗೆ ನನಗೆ ವಿಶೇಷ ಪ್ರೀತಿ. ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಯಾವುದಾದರೂ ಒಂದು ಮರ ಹೂ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿ ಸಾಲುಮರ ಆರಿಸಿದ ಮನುಷ್ಯ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಇಲ್ಲಿಗೆ ಬಂದು, 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಮಾರ್ಚ್‌ನಲ್ಲಿ ಜಕರಾಂಡದ ನೇರಳೆ, ಅದು ಉದುರುವಷ್ಟರಲ್ಲಿ ಗುಲ್‌ಮೊಹರ್‌ನ ಕೆಂಪು. ಟ್ರಾಫಿಕ್‌ನಲ್ಲಿ ನಿಂತಾಗ ತಲೆ ಎತ್ತಿ ನೋಡಿದರೆ ಅವರು ಹಾಕಿದ ಲೆಕ್ಕ ಇನ್ನೂ ನಡೆಯುತ್ತಿದೆ ಅನ್ನಿಸುತ್ತದೆ.

ಗಾಜಿನ ಮನೆಯನ್ನು ಖಾಲಿ ಇದ್ದಾಗ ನೋಡಬೇಕು. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಎರಕದ ಕಬ್ಬಿಣದ ಕಂಬಗಳು, ಕಮಾನಿನ ಮೇಲೆ ಬಳ್ಳಿಯ ಹಾಗೆ ಸುತ್ತಿದ ಕೆಲಸ. 1935ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಪೂರ್ವದ ಭಾಗವನ್ನು ಬೆಳೆಸಿದರು, ಅದಕ್ಕೆ ಕಬ್ಬಿಣ ನಮ್ಮ ಭದ್ರಾವತಿಯದು. ಪ್ರದರ್ಶನದ ದಿನ ಇದೇನೂ ಕಣ್ಣಿಗೆ ಬೀಳುವುದಿಲ್ಲ, ಹೂವಿನ ಗೋಪುರ ಮತ್ತು ಜನರ ತಲೆ ಅಷ್ಟೇ. ಖಾಲಿ ಇದ್ದಾಗ ಬೆಳಗಿನ ಬಿಸಿಲು ಗಾಜಿನ ಮೂಲಕ ಇಳಿಯುವುದನ್ನು ಹೊರಗಿನಿಂದ ನಿಂತು ನೋಡಿ. ನಾವು ಅರ್ಧ ಗಂಟೆ ಅಲ್ಲೇ ಇದ್ದೆವು.

ಎಚ್‌ಎಂಟಿ ಹೂಗಡಿಯಾರ, ಬೋನ್ಸಾಯ್ ತೋಟ ಎಲ್ಲ ಮಕ್ಕಳಿಗೆ ಇಷ್ಟ ಆಗುತ್ತದೆ. ನಾನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಆದರೆ ಕಲ್ಲಾಗಿರುವ ಮರದ ತುಂಡೊಂದು ಇದೆ, ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು, 2 ಕೋಟಿ ವರ್ಷ ಹಳೆಯದು. ಬಹಳ ಜನ ಅದನ್ನು ಸುಮ್ನೆ ದಾಟಿ ಹೋಗುತ್ತಾರೆ. ಹತ್ತಿರ ಹೋಗಿ ನೋಡಿ, ನೋಡಲು ಮರವೇ, ಆದರೆ ಪೂರ್ತಿ ಕಲ್ಲು.

ಬಂಡೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಲಾಲ್‌ಬಾಗ್‌ನ ಅತಿ ದೊಡ್ಡ ಸಂಗತಿ ಅದೇ. ಮೇಲೆ ಕೆಂಪೇಗೌಡರ ಗೋಪುರ ಇರುವುದರಿಂದ ಎಲ್ಲರೂ ಅಲ್ಲಿಗೆ ಹತ್ತಿ ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಕಾಲ ಕೆಳಗೆ ನೋಡುವವರು ಕಡಿಮೆ. ಆ ಬಂಡೆಗೆ 300 ಕೋಟಿ ವರ್ಷ. ದಕ್ಷಿಣ ಭಾರತದ ನೆಲಗಟ್ಟೇ ಇಂಥ ಕಲ್ಲು. ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಕೂತು ಬಂಡೆಯ ಮೈ ನೋಡಿ. ತಿಳಿ ಬೂದು, ಕಪ್ಪು, ಮತ್ತೆ ತಿಳಿ ಬೂದು, ಹೀಗೆ ಪಟ್ಟೆಗಳು. ಕೆಲವು ನೇರ ಹೋಗುತ್ತವೆ, ಕೆಲವು ಬಾಳೆದಿಂಡಿನ ಹಾಗೆ ಬಾಗಿವೆ. ಭೂಮಿಯ ಆಳದಲ್ಲಿ ಕಾದು, ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡ ಗುರುತು ಅದು. ಹಿಂದಿನ ರಾತ್ರಿ ಮಳೆ ಬಂದಿತ್ತು. ತಗ್ಗುಗಳಲ್ಲಿ ಅಂಗೈಯಷ್ಟು ನೀರು ನಿಂತಿತ್ತು, ಅದರೊಳಗೆ ಪಟ್ಟೆಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅಮ್ಮ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದಳು. ಪೂರ್ತಿ ಮೇಲೆ ಹೋಗಲಿಲ್ಲ, ಅರ್ಧಕ್ಕೆ ಕೂತಳು. ಮಳೆ ಬಂದ ಮಾರನೇ ದಿನ ಬಂಡೆ ಜಾರುತ್ತದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ.

ಬೇಸರ ತಂದ ವಿಷಯ ಒಂದಿದೆ. ಎಷ್ಟೋ ಮರಗಳ ತೊಗಟೆಯ ಮೇಲೆ ಜನ ಚಾಕುವಿನಿಂದ, ಕೀಲಿಯಿಂದ ಹೆಸರು ಕೆತ್ತಿದ್ದಾರೆ. ಮರಕ್ಕೆ ಊಟ ಸಾಗುವ ದಾರಿ ತೊಗಟೆಗೆ ಅಂಟಿಕೊಂಡೇ ಇರುತ್ತದೆ, ಆಳವಾಗಿ ಕೆತ್ತಿದರೆ ಅದೇ ತುಂಡಾಗುತ್ತದೆ. ಗಾಯದಿಂದ ಹುಳ, ಬೂಷ್ಟು ಒಳಗೆ ಹೋಗುತ್ತದೆ. ಇನ್ನೂರು ವರ್ಷ ಬದುಕಿದ ಜೀವಕ್ಕೆ ಹೀಗೆ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಜೊತೆ ಬಂದ ಹುಡುಗರು ಕೀಲಿ ಹೊರಗೆ ತೆಗೆದರೆ ದಯವಿಟ್ಟು ತಡೆಯಿರಿ. ಗೊತ್ತಿಲ್ಲದವರಾದರೂ ಹೇಳಿ. ನಾನು ಅವತ್ತು ಒಬ್ಬ ಹುಡುಗನಿಗೆ ಹೇಳಿದೆ, ಅವನು ಏನೂ ಅನ್ನದೆ ಕೀಲಿ ಜೇಬಿಗೆ ಹಾಕಿಕೊಂಡ.

ಹೋಗುವವರಿಗೆ ಇನ್ನು ಸ್ವಲ್ಪ. ನೀರು ಜೊತೆಗಿರಲಿ. ಕೆರೆ ಏರಿಯ ಮೇಲೆ ಹಕ್ಕಿ ನೋಡುವ ಆಸೆ ಇದ್ದರೆ ಬಿಸಿಲು ಏರುವ ಮೊದಲೇ ಅಲ್ಲಿಗೆ ಹೋಗಿ, ಬಂಡೆಯನ್ನು ಆಮೇಲೆ ಇಟ್ಟುಕೊಳ್ಳಿ. ಮರಗಳಿಗೆ ಹಾಕಿರುವ ಹೆಸರಿನ ಹಲಗೆಗಳನ್ನು ಮಕ್ಕಳ ಕೈಲಿ ಜೋರಾಗಿ ಓದಿಸಿ, ಮನೆಗೆ ಹೋದ ಮೇಲೂ ನೆನಪಿರುತ್ತದೆ. ಒಂದೇ ದಿನ ಎಲ್ಲ ನೋಡುವ ಆತುರ ಬೇಡ. ಹತ್ತು ಮರ ಸಾಕು. ಪ್ರದರ್ಶನಕ್ಕೂ ಹೋಗಲೇಬೇಕು ಅಂದರೆ ರಜೆಯ ದಿನ ಬಿಟ್ಟು, ವಾರದ ದಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ಐದಕ್ಕೆ ಐದು ಕೊಡುತ್ತೇನೆ. ಅಮ್ಮ ಊರಿಗೆ ಹೋದ ಮೇಲೆ ಫೋನ್ ಮಾಡಿದಾಗೆಲ್ಲ ನಾಗಲಿಂಗದ ಮರದ ವಿಷಯ ಕೇಳುತ್ತಾಳೆ, ಹೂವು ಇನ್ನೂ ಬಿಡುತ್ತಿದೆಯಾ ಅಂತ. ಮುಂದಿನ ಸಲ ಮಾರ್ಚ್‌ನಲ್ಲಿ ಬರುತ್ತಾಳಂತೆ. ಬೂರುಗದ ಕಾಯಿ ಒಡೆದು ಹತ್ತಿ ಹಾರುವುದು ಆಗಲೇ.