ಉಣುಗಿಗೆ ಹನಿ, ಪಟ್ಟಿ, ಚ್ಯೂ: ನಮ್ಮ ಕರಿಯನಿಗೆ ಆಗಿಬಂದದ್ದು ಯಾವುದು?

ನಮ್ಮ ನಾಯಿ ಕರಿಯನನ್ನು ಉಣುಗಿನಿಂದ, ಅದು ಹರಡುವ ಲೈಮ್ ಕಾಯಿಲೆಯಿಂದ ಕಾಯಲು ಒಂದೊಂದಾಗಿ ಎಲ್ಲ ನೋಡಿದೆವು. ತಿಂಗಳಿಗೊಂದು ಚ್ಯೂ (ಜಗಿದು ತಿನ್ನುವ) ಮಾತ್ರೆ. ನಮ್ಮ ಮನೆಯಲ್ಲಿ ಗೆದ್ದಿದ್ದು ಅದೇ, ಮೊದಲೇ ಹೇಳಿಬಿಡುತ್ತೇನೆ. ಹನಿ ಔಷಧಿ ನಿಲ್ಲಿಸಿದೆವು, ಕುತ್ತಿಗೆ ಪಟ್ಟಿ ಬಿಚ್ಚಿಟ್ಟೆವು, ಲೈಮ್ ಲಸಿಕೆಯನ್ನು ಚ್ಯೂ ಜೊತೆಗೆ ಉಳಿಸಿಕೊಂಡಿದ್ದೇವೆ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಒಳಗಿರುವ ಔಷಧಿಯ ಹೆಸರು ಡಬ್ಬದ ಮೇಲೆ ಇರುತ್ತದೆ, ಅದನ್ನು ನೋಡಿ ತಗೊಂಡರೆ ಸಾಕು.

ನಾವಿರುವುದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಲೈಮ್ ಕಾಯಿಲೆಗೆ ಹೆಸರು ಕೊಟ್ಟ ಲೈಮ್ ಎಂಬ ಊರು ಇದೇ ರಾಜ್ಯದ್ದು. 1970ರ ದಶಕದಲ್ಲಿ ಆ ಭಾಗದ ಮಕ್ಕಳಿಗೆ ಒಬ್ಬರಾದ ಮೇಲೊಬ್ಬರಿಗೆ ಕೀಲು ಬಾತುಕೊಂಡಾಗ ಡಾಕ್ಟರುಗಳ ಕಣ್ಣು ಇತ್ತ ಬಿತ್ತು. ಉಣುಗಿನ ಹೊಟ್ಟೆಯಲ್ಲಿ ವಿಜ್ಞಾನಿ ವಿಲ್ಲಿ ಬರ್ಗ್‌ಡಾರ್ಫರ್ ಕಂಡ, ಈ ಕಾಯಿಲೆ ತರುವ ಬ್ಯಾಕ್ಟೀರಿಯಾದ ವಿಷಯ 1982ರಲ್ಲಿ ಪ್ರಕಟವಾಯಿತು. ಅವರ ಹೆಸರೇ ಅದಕ್ಕೆ ಬಂತು: ಬೊರೇಲಿಯಾ ಬರ್ಗ್‌ಡಾರ್ಫೆರಿ. ಇಲ್ಲಿ ಅದನ್ನು ಹೊತ್ತು ತಿರುಗುವುದು ಕಪ್ಪು ಕಾಲಿನ ಉಣುಗು. ಎಲ್ಲರೂ ಜಿಂಕೆ ಉಣುಗು ಅಂತಾರೆ, ಆದರೆ ಅದಕ್ಕೆ ಬ್ಯಾಕ್ಟೀರಿಯಾ ಸಿಗುವುದು ಹೆಚ್ಚಾಗಿ ಬಿಳಿ ಪಾದದ ಇಲಿಯಿಂದ. ಇಲ್ಲಿನ ಹಿತ್ತಿಲುಗಳಲ್ಲಿ ಹಳೇ ಕಲ್ಲಿನ ಪಾಗಾರ ಇರುತ್ತದಲ್ಲ, ಅದರ ಸಂದಿಗಳಲ್ಲೇ ಈ ಇಲಿಗಳ ಸಂಸಾರ. ನಮ್ಮ ಕರಿಯ ಮೂಗು ತೂರಿಸುವುದೂ ಅಲ್ಲೇ.

ನಾನು ಶಿವಮೊಗ್ಗದ ಸಾಗರದ ಕಡೆಯವಳು. ಮಂಗನ ಕಾಯಿಲೆಯ ಸೀಮೆ. ಉಣುಗು ಅಂದರೆ ಚಿಕ್ಕಂದಿನಿಂದ ಹೆದರಿಕೆ. ಮಂಗನ ಕಾಯಿಲೆ ತರುವುದು ವೈರಸ್, ಲೈಮ್ ತರುವುದು ಬ್ಯಾಕ್ಟೀರಿಯಾ. ಹಾಗಾಗಿ ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ ಅಂತ ತಿಳಿದ ದಿನ ಸ್ವಲ್ಪ ನಿದ್ದೆ ಬಂತು.

ಕರಿಯ ಕಪ್ಪು ಲ್ಯಾಬ್ರಡಾರ್. ಅವನಿಗೆ ಮೊದಲು ಹಾಕುತ್ತಿದ್ದದ್ದು ಪರ್ಮೆಥ್ರಿನ್ ಇರುವ ಹನಿ. ತಿಂಗಳಿಗೊಮ್ಮೆ ಬೆನ್ನ ಮೇಲೆ ಕೂದಲು ಬಿಡಿಸಿ ಚರ್ಮಕ್ಕೆ ಬಿಡಬೇಕು. ಅಗ್ಗ, ಡಾಕ್ಟರ್ ಚೀಟಿ ಬೇಡ, ಉಣುಗು ಕಚ್ಚುವ ಮೊದಲೇ ತಾಗಿ ಸಾಯುತ್ತದೆ. ಆದರೆ ಇವನು ಬೇಸಿಗೆಯಲ್ಲಿ ಕೆರೆ ಕಂಡರೆ ಹಾರುವವನು. ಬಂದ ಮೇಲೆ ಶಾಂಪೂ ಸ್ನಾನ ಬೇರೆ. ನೀರಿಗೆ ಬೀಳುವ ನಾಯಿಯ ಮೈಯಲ್ಲಿ ಹನಿ ಎಷ್ಟು ದಿನ ನಿಂತೀತು? ಮನೆಯಲ್ಲಿ ಬೆಕ್ಕು ಇದ್ದರಂತೂ ಈ ಹನಿಯ ಸುದ್ದಿಗೇ ಹೋಗಬೇಡಿ. ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಹನಿ ಇನ್ನೂ ಒಣಗದ ನಾಯಿಯ ಮೈ ನೆಕ್ಕಿದರೂ ಅಪಾಯ.

ಹನಿ ಹಾಕುತ್ತಿದ್ದಾಗಲೇ ಒಂದು ನವೆಂಬರಿನಲ್ಲಿ ಕರಿಯ ಮುಂದಿನ ಬಲಗಾಲು ಎತ್ತಿಕೊಂಡು ಓಡಾಡಿದ. ಮುಳ್ಳಿಲ್ಲ, ಗಾಯವಿಲ್ಲ. ಎರಡು ದಿನಕ್ಕೆ ಸರಿಹೋಯಿತು. ವಾರದೊಳಗೆ ಹಿಂದಿನ ಎಡಗಾಲು ಕುಂಟ ತೊಡಗಿತು. ಮೈ ಬಿಸಿ, ಊಟ ಬೇಡ. ಹೀಗೆ ಕುಂಟು ಕಾಲಿಂದ ಕಾಲಿಗೆ ಹೋಗುವುದೇ ಈ ಕಾಯಿಲೆಯ ಮುಖ್ಯ ಗುರುತು ಅಂತ ವೆಟ್ (ಪಶುವೈದ್ಯರು) ಹೇಳಿದರು. ಮನುಷ್ಯರಿಗೆ ಬರುವ ಕೆಂಪು ಉಂಗುರದಂಥ ಕಲೆ ನಾಯಿಯಲ್ಲಿ ಹುಡುಕಬೇಡಿ. ಕಚ್ಚಿ ಎರಡರಿಂದ ಐದು ತಿಂಗಳಾದ ಮೇಲೆ ಲಕ್ಷಣ ಬರುತ್ತದೆ, ಅಂದರೆ ಬೇಸಿಗೆಯ ಉಣುಗಿನ ಫಲ ಚಳಿಗಾಲದ ಬಾಗಿಲಲ್ಲಿ. ಸೋಂಕು ತಗುಲಿದ ಬಹಳಷ್ಟು ನಾಯಿಗಳಿಗೆ ಏನೂ ಆಗುವುದೇ ಇಲ್ಲ. ನಮ್ಮವನು ಆ ಅದೃಷ್ಟವಂತರ ಪೈಕಿ ಅಲ್ಲ.

ಒಂದು ಹನಿ ರಕ್ತದ ಕಿಟ್ ಟೆಸ್ಟ್, ಕೆಲವೇ ನಿಮಿಷ. ಲೈಮ್ ಪಾಸಿಟಿವ್. ಡಾಕ್ಸಿಸೈಕ್ಲಿನ್, ಸುಮಾರು ನಾಲ್ಕು ವಾರ. ಕೆಲವೇ ದಿನಕ್ಕೆ ಕುಂಟು ಹೋಯಿತು, ಆದರೆ ಕೋರ್ಸ್ ಮುಗಿಸಲೇಬೇಕು. ತಮಾಷೆ ಅಂದರೆ, ನಮ್ಮ ಮನೆಯಲ್ಲಿ ನಾಯಿಗೆ ಮಾತ್ರೆ ಅಂದರೆ ಮೊಸರನ್ನದ ಉಂಡೆ. ಅದಕ್ಕೇ ಕತ್ತರಿ ಬಿತ್ತು! ಹಾಲು, ಮೊಸರಿನ ಕ್ಯಾಲ್ಸಿಯಂ ಈ ಔಷಧಿಯನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಖಾಲಿ ಹೊಟ್ಟೆಗೂ ಆಗದು, ವಾಂತಿ ಮಾಡುತ್ತಾನೆ. ಕೊನೆಗೆ ಬರೀ ಅನ್ನಕ್ಕೆ ಕೋಳಿ ಸಾರು ಕಲಸಿ ನುಂಗಿಸಿ, ಮೇಲೆ ಒಂದಿಷ್ಟು ನೀರು ಕುಡಿಸುತ್ತಿದ್ದೆವು. ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅಂತಲೂ ನೋಡಿಸಿ. ಅಪರೂಪಕ್ಕೆ ಲೈಮ್ ಕಿಡ್ನಿಗೆ ಹೊಡೆಯುತ್ತದೆ, ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್‌ಗಳಲ್ಲಿ ಜಾಸ್ತಿ. ಆ ಹಂತಕ್ಕೆ ಹೋದರೆ ಉಳಿಸಿಕೊಳ್ಳುವುದು ಕಷ್ಟ. ಗುಣವಾದ ಮೇಲೂ ಕಿಟ್ ಬಹಳ ಕಾಲ ಪಾಸಿಟಿವ್ ತೋರಿಸಬಹುದು, ಗಾಬರಿ ಬೇಡ.

ಇದಾದ ಮೇಲೆ ಕುತ್ತಿಗೆ ಪಟ್ಟಿ ತಂದೆವು. ಫ್ಲೂಮೆಥ್ರಿನ್, ಇಮಿಡಾಕ್ಲೋಪ್ರಿಡ್ ಎರಡೂ ಇರುವ ಬೂದು ಪಟ್ಟಿ. ಒಮ್ಮೆ ಕಟ್ಟಿದರೆ ಎಂಟು ತಿಂಗಳು. ಇದರಲ್ಲೂ ಉಣುಗು ಕಚ್ಚದೆಯೇ ಸಾಯಬಹುದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ ಅನ್ನಿಸಿತ್ತು.

ಮೊದಲ ತಕರಾರು, ಅದೂ ದಿನಾ. ಪಟ್ಟಿ ಚರ್ಮಕ್ಕೆ ತಾಗಬೇಕು. ಔಷಧಿ ಅದರಿಂದ ಚರ್ಮದ ಜಿಡ್ಡಿಗೆ ಇಳಿದು ಮೈಯೆಲ್ಲಾ ಹರಡುವುದು. ಲ್ಯಾಬ್ರಡಾರ್‌ಗೆ ಎರಡು ಪದರ ಕೂದಲು. ಚಳಿ ಶುರುವಾದರೆ ಒಳಪದರ ದಪ್ಪವಾಗುತ್ತದೆ, ಪಟ್ಟಿ ಕೂದಲ ಮೇಲೆ ತೇಲುತ್ತದೆ. ಬಿಗಿ ಮಾಡಿದರೆ ಕುತ್ತಿಗೆ ಕೆಂಪಗಾಗಿ ಕೆರೆದುಕೊಳ್ಳುತ್ತಾನೆ. ಎರಡು ಬೆರಳು ತೂರುವಷ್ಟು ಜಾಗ ಬಿಡಿ ಅನ್ನುತ್ತದೆ ಸೂಚನೆ. ಎರಡು ಬೆರಳು ಬಿಟ್ಟರೆ ಮಧ್ಯೆ ಬರೀ ಕೂದಲು! ರಾತ್ರಿ ಊಟವಾದ ಮೇಲೆ ಕರಿಯನ ಕುತ್ತಿಗೆಯ ಕೂದಲು ಬಿಡಿಸಿ ಪಟ್ಟಿ ಕೂರಿಸುವುದು ನನ್ನ ಪಾಲಿಗೆ ಬಂದ ಕೆಲಸ. ಬೆಳಿಗ್ಗೆ ಒಂದು ಸಲ ಮೈ ಕೊಡವಿದ ಅಂದರೆ ಮುಗಿಯಿತು.

ಬೆಲ್ಟ್ ಕಥೆ ಇನ್ನೊಂದು. ಹೆಸರಿನ ಬಿಲ್ಲೆ ಇರುವ ಬೆಲ್ಟ್ ಮೊದಲೇ ಇತ್ತು. ಅದು ಈ ಪಟ್ಟಿಯ ಮೇಲೆ ಹತ್ತಿ ಕೂರುತ್ತದೆ, ಇಲ್ಲಾ ಪಟ್ಟಿಯೇ ಅದರ ಮೇಲೆ. ನಮ್ಮವರು ಬೆಲ್ಟ್ ತೆಗೆದು ಎದೆಗೆ ಹಾಕುವ ಹಾರ್ನೆಸ್ ತಂದರು. ಅದರ ಪಟ್ಟೆ ಇದನ್ನು ಕಿವಿ ಹತ್ತಿರಕ್ಕೆ ತಳ್ಳಿತು.

ಮಗಳದ್ದು ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ಟಿವಿ ನೋಡುವಾಗ ಕರಿಯನ ಕುತ್ತಿಗೆಗೆ ಜೋತು ಬೀಳುವುದು ಅವಳ ಅಭ್ಯಾಸ. ಮಕ್ಕಳು ಪಟ್ಟಿ ಮುಟ್ಟಿ ಆಡಬಾರದು, ಮುಟ್ಟಿದರೆ ಕೈ ತೊಳೆಯಬೇಕು. ಹೇಳುವುದು ಸುಲಭ. "ಕೈ ತೊಳ್ಕೊಂಡ್ಯಾ ಪುಟ್ಟಿ?" ಅಂತ ಇಡೀ ದಿನ ಕೂಗುವುದು ನನಗೆ ಸಾಕಾಯಿತು, ಕೇಳುವುದು ಅವಳಿಗೆ. ಮೇಲಿಂದ ಮೇಲೆ ನೀರಿಗಿಳಿದರೆ ಪಟ್ಟಿಯ ಆಯುಸ್ಸೂ ಕಡಿಮೆ. ಒಂದು ದಿನ ಕಿವಿಯ ಹಿಂದೆ ರಕ್ತ ಕುಡಿದು ಊದಿದ ಉಣುಗು ಸಿಕ್ಕಿತು. ಅಂದೇ ಬಿಚ್ಚಿದೆ.

ಉಣುಗು ತೆಗೆಯುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೀಮೆಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಚಿವುಟಬೇಡಿ. ಬ್ಯಾಕ್ಟೀರಿಯಾ ನಾಯಿಗೆ ದಾಟಲು ಸಾಮಾನ್ಯವಾಗಿ ಒಂದು, ಎರಡು ದಿನ ಬೇಕು, ಹಾಗಾಗಿ ದಿನಾ ತಡಕಿ ನೋಡುವುದು ದಂಡವಲ್ಲ. ಆದರೆ ಮೇ, ಜೂನ್‌ನಲ್ಲಿ ಬರುವ ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಕಪ್ಪು ನಾಯಿಯ ಮೇಲೆ ಎಲ್ಲಿ ಹುಡುಕುತ್ತೀರಿ?

ಈಗ ಚ್ಯೂ. ಒಳಗಿರುವ ಔಷಧಿ ಅಫೋಕ್ಸೊಲೇನರ್, ತೂಕಕ್ಕೆ ತಕ್ಕಷ್ಟು, ತಿಂಗಳಿಗೊಂದು. ತಿಂಡಿ ಅಂದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ಕೆರೆಗೆ ಹಾರಲಿ, ಸ್ನಾನ ಮಾಡಲಿ, ಮಗಳು ಜೋತು ಬೀಳಲಿ, ಔಷಧಿ ಇರುವುದು ರಕ್ತದಲ್ಲಿ. ರುಚಿ ದನದ ಮಾಂಸದ್ದು. ಊರಿಂದ ಬಂದ ಅಮ್ಮ ಡಬ್ಬ ಓದಲಿಲ್ಲ, ನಾವೂ ಓದಿ ಹೇಳಲಿಲ್ಲ.

ಇದರ ಕೊರತೆಯೂ ಗೊತ್ತಿರಲಿ. ಉಣುಗು ಕಚ್ಚಿದರೆ ಮಾತ್ರ ಸಾಯುತ್ತದೆ. ಬ್ಯಾಕ್ಟೀರಿಯಾ ದಾಟಿಸುವ ಮೊದಲೇ ಸಾಯಬೇಕು ಅನ್ನುವುದೇ ಇದರ ಲೆಕ್ಕ. ಆ ಲೆಕ್ಕವನ್ನು ಒಪ್ಪಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೈಮ್ ಸೋಂಕು ತಡೆಗೂ ಇದಕ್ಕೆ ಅನುಮತಿ ಕೊಟ್ಟಿದೆ. ಇನ್ನೊಂದು, ಅಫೋಕ್ಸೊಲೇನರ್ ಸೇರಿರುವ ಗುಂಪಿನ ಔಷಧಿಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ 2018ರಲ್ಲಿ ಅದೇ ಎಫ್‌ಡಿಎ ಎಚ್ಚರಿಸಿದೆ. ಫಿಟ್ಸ್ ಬಂದ ಇತಿಹಾಸ ಇರುವ ನಾಯಿಗೆ ವೆಟ್ ಹತ್ತಿರ ಕೇಳದೆ ಕೊಡಬೇಡಿ. ಅಂಥ ನಾಯಿ ನಮ್ಮದಾಗಿದ್ದರೆ ಬೈದುಕೊಂಡಾದರೂ ಪಟ್ಟಿಗೇ ಹೋಗುತ್ತಿದ್ದೆ.

ಮೂರು ತಿಂಗಳ ಚ್ಯೂ ಕೂಡ ಇದೆ, ಫ್ಲೂರಾಲೇನರ್. ನಮಗೆ ಬೇಡವಾಯಿತು. ಬೆನ್ನ ಮೇಲೆ ಬಿಳಿ ಚುಕ್ಕೆಯ ಲೋನ್ ಸ್ಟಾರ್ ಉಣುಗಿಗೆ ಅದು ಎಂಟೇ ವಾರ. ನಮಗೆ ತಿಂಗಳ ಒಂದನೇ ತಾರೀಖು ಹಾರ್ಟ್‌ವರ್ಮ್ (ಹೃದಯದ ಹುಳು) ತಡೆಯುವ ಮಾತ್ರೆ ಹೇಗೂ ಇದೆ, ಅದರ ಜೊತೆ ಇದೂ ಹೋಗುತ್ತದೆ.

ಲಸಿಕೆ ಇವುಗಳಿಗೆ ಬದಲಿ ಅಲ್ಲ. ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಅದು ಕೆಲಸ ಮಾಡುವ ರೀತಿ ನನಗೆ ಬಹಳ ಹಿಡಿಸಿತು: ನಾಯಿಯ ರಕ್ತದ ಪ್ರತಿಕಾಯಗಳನ್ನು ಉಣುಗೇ ಕುಡಿಯುತ್ತದೆ, ಬ್ಯಾಕ್ಟೀರಿಯಾ ಅದರ ಹೊಟ್ಟೆಯಲ್ಲೇ ಸಾಯುತ್ತದೆ. ಎಲ್ಲಾ ನಾಯಿಗೂ ಬೇಕಾ ಅನ್ನುವುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಪಾಗಾರದ ಪಕ್ಕ ಮನೆ ಇರುವವರಿಗೆ ನಾನು ಬೇಕು ಅನ್ನುತ್ತೇನೆ. ಆದರೆ ಉಣುಗು ತರುವ ಅನಾಪ್ಲಾಸ್ಮೋಸಿಸ್‌ನಂಥ ಬೇರೆ ರೋಗಕ್ಕೆ ಇದು ಅಡ್ಡ ಬರುವುದಿಲ್ಲ.

ದುಡ್ಡಿನ ವಿಷಯದಲ್ಲಿ ಚ್ಯೂ ಸೋಲುತ್ತದೆ. ನಮಗೆ ಬೀಳುವ ದರದಲ್ಲಿ ವರ್ಷಕ್ಕೆ ಸುಮಾರು 300 ಡಾಲರ್, ಪಟ್ಟಿಗೆ ಅದರ ಮೂರನೇ ಒಂದು ಪಾಲು. ಚಳಿಗಾಲದಲ್ಲಿ ನಿಲ್ಲಿಸಿ ಉಳಿಸೋಣ ಅಂದರೆ ಅದೂ ಆಗದು. ದೊಡ್ಡ ಉಣುಗುಗಳು ಚುರುಕಾಗುವುದೇ ಅಕ್ಟೋಬರ್, ನವೆಂಬರ್‌ನಲ್ಲಿ. ಜನವರಿಯಲ್ಲೂ ಹಿಮ ಕರಗುವಷ್ಟು ಬಿಸಿಲು ಬಂದರೆ ಹೊರಗೆ ಬರುತ್ತವೆ. ನಾವು ಉಳಿಸುವುದು ಒಂದೇ ದಾರಿಯಲ್ಲಿ: ಆರು ಅಥವಾ ಹನ್ನೆರಡು ತಿಂಗಳ ಡಬ್ಬ ಒಟ್ಟಿಗೆ ತಗೊಂಡು, ಕಂಪನಿಯ ರಿಬೇಟ್ (ಸ್ವಲ್ಪ ಹಣ ವಾಪಸ್) ಅರ್ಜಿ ತುಂಬುತ್ತೇವೆ. ಬಿಲ್ಲಿನ ಫೋಟೊ ಅಂದೇ ತೆಗೆದಿಡಿ, ಅರ್ಜಿಗೆ ಗಡುವು ಇರುತ್ತದೆ.