ಬೆಕ್ಕಿನ ಕಾಲರ್: ಕೊಳ್ಳುವ ಮುಂಚೆ ಬಕಲ್ ಎಳೆದು ನೋಡಿ

ನಮ್ಮೂರಿನ ಪೆಟ್ ಅಂಗಡಿಯಲ್ಲಿ ಬೆಕ್ಕಿಗೆ ಅಂತ ಮೂರು ಬಗೆಯ ಕಾಲರ್ ತೋರಿಸಿದರು. ಮೂರನ್ನೂ ತಂದು ನೋಡಿದೆ. ಒಂದನ್ನು ಮಾತ್ರ ನನ್ನ ಬೆಕ್ಕುಗಳಿಗೆ ಹಾಕಿದ್ದೇನೆ. ಉಳಿದ ಎರಡನ್ನು ಯಾರ ಬೆಕ್ಕಿಗೂ ಹಾಕಬೇಡಿ ಅಂತಲೇ ಹೇಳುತ್ತೇನೆ.

ನಾನು ಟೈಲರ್. ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇದೆ. ಪಟ್ಟಿ, ಇಲಾಸ್ಟಿಕ್, ಬಕಲ್, ಹುಕ್ಕು ಇವೆಲ್ಲ ದಿನಾ ಕೈಯಲ್ಲಿ ಓಡಾಡುವ ಸಾಮಾನು. ಹಾಗಾಗಿ ಕಾಲರ್ ಕೈಗೆ ಬಂದರೆ ಬಣ್ಣಕ್ಕಿಂತ ಮುಂಚೆ ಹೊಲಿಗೆಯ ಮೇಲೆ ಕಣ್ಣು ಹೋಗುತ್ತದೆ. ಮನೆಯಲ್ಲಿ ಎರಡು ಬೆಕ್ಕುಗಳಿವೆ. ಕರಿಯ ದೊಡ್ಡವನು, ನಾಲ್ಕು ಕೆಜಿ ದಾಟಿದ್ದಾನೆ. ರಾಗಿ ಹೆಣ್ಣು, ಮೈತುಂಬ ಪಟ್ಟೆ, ಮೂರು ಕೆಜಿ ಇದ್ದಾಳೆ. ಇಬ್ಬರಿಗೂ ಆಪರೇಷನ್ ಮಾಡಿಸಿದ್ದೇವೆ. ಇಬ್ಬರನ್ನೂ ಹೊರಗೆ ಬಿಡುವುದಿಲ್ಲ. ರಸ್ತೆಯ ನಾಯಿಗಳನ್ನು, ಹದಡಿ ರಸ್ತೆ ಕಡೆಯಿಂದ ನುಗ್ಗಿ ಬರುವ ಗಾಡಿಗಳನ್ನು ನೋಡಿದರೆ ಬಿಡುವ ಮನಸ್ಸೇ ಬರುವುದಿಲ್ಲ.

ಬ್ಲೌಸ್ ಅಳತೆ ಕೊಡಲು ಬಂದವರೆಲ್ಲ ಕೇಳುತ್ತಾರೆ: "ಮನೇಲೇ ಇರೋ ಬೆಕ್ಕಿಗೆ ಬೆಲ್ಟ್ ಯಾಕಕ್ಕಾ?"

ಮನೆಯಲ್ಲೇ ಇರುತ್ತದೆ, ಅದಕ್ಕೇ ಬೇಕು. ಬೀದಿ ಸುತ್ತುವ ಬೆಕ್ಕಿಗೆ ಯಾವ ಕಾಂಪೌಂಡ್ ಹತ್ತಿ ಇಳಿದರೆ ಮನೆ ಸಿಗುತ್ತದೆ ಅಂತ ಗೊತ್ತು. ಒಳಗೇ ಬೆಳೆದದ್ದು ಹೊರಗೆ ಬಿದ್ದರೆ ದಿಕ್ಕು ತೋಚದೆ ಹತ್ತಿರದ ಸಂದಿಗೆ ನುಗ್ಗಿ ಕೂರುತ್ತದೆ. ನಾವೇ ಕರೆದರೂ ದನಿ ಕೊಡುವುದಿಲ್ಲ. ಕಳೆದುಹೋದ 1,200ಕ್ಕೂ ಹೆಚ್ಚು ಬೆಕ್ಕುಗಳ ವಿವರ ಸೇರಿಸಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಒಳಗೇ ಸಾಕಿದ ಬೆಕ್ಕುಗಳು ಹೊರಗೆ ತಿರುಗುವ ಬೆಕ್ಕುಗಳಷ್ಟು ದೂರವೂ ಹೋಗಿರಲಿಲ್ಲ.

ಅಂದರೆ ಅದು ಇರುವುದು ನಮ್ಮ ಓಣಿಯಲ್ಲೇ. ಪಕ್ಕದವರ ಸಂಪಿನ ಹಿಂದೆ, ನಿಲ್ಲಿಸಿದ ಕಾರಿನ ಕೆಳಗೆ, ಕಟ್ಟುತ್ತಿರುವ ಮನೆಯ ಮೆಟ್ಟಿಲ ಸಂದಿಯಲ್ಲಿ. ಮೊದಲು ನೋಡುವವರು ಓಣಿಯ ಜನ. ಅವರ ಕಣ್ಣಿಗೆ ಬರಿ ಕುತ್ತಿಗೆಯ ಬೆಕ್ಕು ಬೀದಿ ಬೆಕ್ಕೇ. ಹಾಲಿಗೆ ಬಾಯಿ ಹಾಕೀತು ಅಂತ ಓಡಿಸುತ್ತಾರೆ. ಓಡಿಸಿದಷ್ಟೂ ಅದು ದೂರ ಹೋಗುತ್ತದೆ. ಕುತ್ತಿಗೆಯಲ್ಲಿ ಪಟ್ಟಿ, ಅದರ ಮೇಲೆ ನಂಬರ್ ಇದ್ದರೆ "ನಿಮ್ದಾ ಇದು?" ಅಂತ ಒಂದು ಫೋನ್ ಬರುತ್ತದೆ. ದೀಪಾವಳಿ ಪಟಾಕಿ ಸದ್ದಿಗೆ ಬೆಚ್ಚಿ ಓಡುವ ಬೆಕ್ಕುಗಳು ಎಷ್ಟೋ. ನಮ್ಮದು ಅಂಗಡಿ ಇರುವ ಮನೆ ಬೇರೆ. ಮದುವೆ ಸೀಸನ್ ಬಂತು ಅಂದರೆ ಬಾಗಿಲು ಮುಚ್ಚಿರುವ ಹೊತ್ತೇ ಕಡಿಮೆ.

ಆದ್ದರಿಂದ ಕಾಲರ್ ಬೇಕು. ಆದರೆ ತಪ್ಪು ಕಾಲರ್ ಹಾಕುವುದಕ್ಕಿಂತ ಹಾಕದೇ ಇರುವುದು ಎಷ್ಟೋ ವಾಸಿ.

ಮೊದಲನೆಯದು 120 ರೂಪಾಯಿಯದು. ಸ್ಯಾಟಿನ್ ಬಟ್ಟೆ, ಒಳಗೆ ಕ್ಯಾನ್ವಾಸ್, ಮುಂದೆ ಬೋ, ಒಂದು ಗೆಜ್ಜೆ. ನೋಡಲು ಚಂದ. ಬಕಲ್ ನಮ್ಮ ಸೊಂಟದ ಬೆಲ್ಟಿನ ಥರದ್ದೇ, ತೂತಿಗೆ ಕಡ್ಡಿ ತೂರಿಸುವಂಥದ್ದು. ಒಮ್ಮೆ ಹಾಕಿದರೆ ಮನುಷ್ಯರ ಕೈ ಮುಟ್ಟದೆ ಬಿಚ್ಚುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಬೆಕ್ಕು ನಾಯಿಯ ಹಾಗೆ ನೆಲದ ಮೇಲಷ್ಟೇ ಇರುವ ಪ್ರಾಣಿ ಅಲ್ಲ. ಕಿಟಕಿ ಗ್ರಿಲ್, ಬೀರು, ಪರದೆ ಕಡ್ಡಿ, ಅಟ್ಟ ಎಲ್ಲ ಹತ್ತುತ್ತದೆ. ಬೀರುವಿನ ಹಿಡಿಗೋ ಗ್ರಿಲ್ಲಿನ ತುದಿಗೋ ಪಟ್ಟಿ ಸಿಕ್ಕಿಕೊಂಡು ಬೆಕ್ಕು ಕೆಳಗೆ ಹಾರಿದರೆ ಪೂರ್ತಿ ಭಾರ ಕುತ್ತಿಗೆಗೆ ಬೀಳುತ್ತದೆ. ನಾವು ಮನೆಯಲ್ಲಿ ಇಲ್ಲದಿದ್ದರೆ ಬಿಡಿಸುವವರು ಯಾರು? ನಮ್ಮ ಮನೆಯಲ್ಲಂತೂ ಕಾಲಲ್ಲಿ ತುಳಿಯುವ ಮೆಷಿನ್ ಇದೆ. ಅದರ ಚಕ್ರದ ಹತ್ತಿರವೇ ರಾಗಿ ಮಲಗುವುದು. ಈ ಕಾಲರನ್ನು ಅವಳ ಕುತ್ತಿಗೆಗೆ ಹಾಕಿ ನೋಡಲೂ ಇಲ್ಲ. ಬೋ ಬಿಚ್ಚಿ ಒಂದು ಮಗುವಿನ ಫ್ರಾಕಿಗೆ ಹಾಕಿದೆ.

ಎರಡನೆಯದು 150 ರೂಪಾಯಿ. ಪ್ಯಾಕೆಟ್ ಮೇಲೆ 'ಸೇಫ್ಟಿ' ಅಂತ ದೊಡ್ಡದಾಗಿ ಬರೆದಿದೆ. ಬಕಲ್ ಬಿಚ್ಚುವುದಿಲ್ಲ, ಮಧ್ಯೆ ಎರಡು ಇಂಚು ಇಲಾಸ್ಟಿಕ್ ಜೋಡಿಸಿದ್ದಾರೆ. ಸಿಕ್ಕಿಕೊಂಡರೆ ಹಿಗ್ಗುತ್ತದೆ, ಬೆಕ್ಕು ತಲೆ ಎಳೆದುಕೊಳ್ಳುತ್ತದೆ ಅನ್ನುವುದು ಲೆಕ್ಕ. ಇಲಾಸ್ಟಿಕ್ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಅದು ಹಿಗ್ಗಿದ್ದು ವಾಪಸ್ ಬಿಗಿಯುತ್ತದೆ. ಬೆಕ್ಕು ಕುತ್ತಿಗೆ ಕೆರೆದುಕೊಳ್ಳುವಾಗ ಮುಂಗಾಲು ಒಳಗೆ ತೂರಿದರೆ ಕಂಕುಳಲ್ಲಿ ಕಚ್ಚಿ ಹಿಡಿಯುತ್ತದೆ. ಬೆಕ್ಕು ನಡೆದಷ್ಟೂ ಉಜ್ಜುತ್ತದೆ. ಕಂಕುಳ ಗಾಯ ಬೇಗ ಮಾಯುವುದೂ ಇಲ್ಲ, ಕಾಲು ಆಡಿಸಿದಾಗೆಲ್ಲ ಬಾಯಿ ಬಿಡುತ್ತದೆ. ಇನ್ನು ನಮ್ಮೂರ ಏಪ್ರಿಲ್ ಬಿಸಿಲಿಗೆ, ತೊಳೆತಕ್ಕೆ ಅಗ್ಗದ ಇಲಾಸ್ಟಿಕ್ ಎಷ್ಟು ದಿನ ಬಂದೀತು? ಸಡಿಲವಾದಷ್ಟೂ ಕಾಲು ತೂರುವುದು ಸುಲಭ. ಮೊದಲನೆಯದಕ್ಕೆ ಯಾರೂ ಸೇಫ್ಟಿ ಅಂತ ಹೆಸರಿಟ್ಟಿಲ್ಲ. ಇದಕ್ಕೆ ಇಟ್ಟಿದ್ದಾರೆ. ಆ ಮಾತನ್ನು ನಂಬಿ ಜನ ಕೊಳ್ಳುತ್ತಾರಲ್ಲ, ಅದು ನನಗೆ ಬೇಜಾರು.

ಮೂರನೆಯದು 220 ರೂಪಾಯಿ. ಎಳೆದರೆ ತಾನೇ ಬಿಚ್ಚಿಕೊಳ್ಳುವ ಬಕಲ್ ಇದರದ್ದು. ಅಂಗಡಿಯಲ್ಲಿ 'ಬ್ರೇಕ್‌ಅವೇ' ಅಂತ ಕೇಳಿ. ಒಂದು ಸೆಂಟಿಮೀಟರ್ ಅಗಲದ ನೈಲಾನ್ ಪಟ್ಟಿ, ನೇಯ್ಗೆ ಒತ್ತಾಗಿದೆ. ಅಂಚು ಮೃದು, ಸುಟ್ಟು ಕತ್ತರಿಸಿದ ತುದಿಯನ್ನು ಒಳಗೆ ಮಡಚಿ ಹೊಲಿದಿದ್ದಾರೆ. ಹೊಲಿಗೆ ಚೌಕ, ಮಧ್ಯೆ ಅಡ್ಡ ಗೀಟು. ಶಾಲೆ ಬ್ಯಾಗಿನ ಪಟ್ಟಿಗೆ ನಾವೂ ಹೀಗೇ ಹಾಕುವುದು. ಬಕಲ್‌ನ ಹಲ್ಲುಗಳು ಚೂಪಾಗಿ ಕೊಕ್ಕೆ ಹಾಕಿಲ್ಲ, ದುಂಡಗಿವೆ. ಜೋರಾಗಿ ಎಳೆದರೆ ಜಾರಿ ಹೊರಗೆ ಬರುತ್ತವೆ.

ಆದರೆ ಇಲ್ಲೇ ಎಚ್ಚರ ಬೇಕು. ಇದೇ ಬಗೆಯ ಎರಡು ಪೀಸ್ ತಂದಿದ್ದೆ, ಇಬ್ಬರಿಗೆ ಅಂತ. ಹಾಕುವ ಮುಂಚೆ ಗೋಡೆಯ ಮೊಳೆಗೆ ಸಿಕ್ಕಿಸಿ, ಕೆಳಗೆ ಬಟ್ಟೆ ಚೀಲ ಕಟ್ಟಿ, ಅದಕ್ಕೆ ಅಕ್ಕಿ ಸುರಿಯುತ್ತಾ ಹೋದೆ. ಒಂದು ಪೀಸ್ ಎರಡು ಕೆಜಿ ಹತ್ತಿರ ಬಂದಾಗ ಟಪ್ ಅಂತ ಬಿಚ್ಚಿತು. ಬೆಕ್ಕಿನ ತೂಕಕ್ಕಿಂತ ಕಡಿಮೆಯಲ್ಲೇ ಬಿಚ್ಚಬೇಕು, ಹಾಗಾಗಿ ಅದು ಸರಿ. ಇನ್ನೊಂದು ಐದು ಕೆಜಿ ಹಾಕಿದರೂ ಅಲುಗಲಿಲ್ಲ. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ಡಬ್ಬದಿಂದ ತೆಗೆದುಕೊಟ್ಟದ್ದು. ಮೂರು ಕೆಜಿಯ ರಾಗಿ ಅದಕ್ಕೆ ನೇತಾಡಿದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಹೊಟ್ಟೆ ಚುರ್ ಅನ್ನುತ್ತದೆ.

ವಾಪಸ್ ತೆಗೆದುಕೊಂಡು ಹೋದೆ. ಅಂಗಡಿಯವರು ಜಗಳ ಮಾಡದೆ ಬದಲಿಸಿಕೊಟ್ಟರು, ಅದನ್ನು ಹೇಳಲೇಬೇಕು. ಆದರೆ ಅವರು ಹೇಳಿದ್ದು ಕೇಳಿ: "ಅಕ್ಕಾ, ಬಿಚ್ಕೊಳ್ಳೋ ಬಕಲ್ ಕೊಟ್ರೆ ಜನ ಡ್ಯಾಮೇಜ್ ಪೀಸ್ ಅಂತ ವಾಪಸ್ ತರ್ತಾರೆ. ಗಟ್ಟಿ ಇರೋದೇ ಓಡೋದು." ಬಿಚ್ಚುವುದೇ ಅದರ ಕೆಲಸ ಅಂತ ಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ ಮಾರುವವರು ಗಟ್ಟಿ ಬಕಲನ್ನೇ ತರಿಸುತ್ತಾರೆ. ಅದಕ್ಕೇ ಅಂಗಡಿಯಲ್ಲೇ ಎರಡು ತುದಿ ಹಿಡಿದು ಎಳೆದು ನೋಡಿ. ಎರಡು ಕೊಂಡರೆ ಎರಡನ್ನೂ ಎಳೆಯಿರಿ. ಸುಮ್ನೆ ಪ್ಯಾಕೆಟ್ ಓದಿ ತರಬೇಡಿ.

ಈ ಮೂರು ಬಗೆಯನ್ನೂ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದವರಿದ್ದಾರೆ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರ ನೇತೃತ್ವದ ಅಧ್ಯಯನ, 2010ರಲ್ಲಿ ಪ್ರಕಟವಾದದ್ದು. 538 ಬೆಕ್ಕುಗಳಿಗೆ ಸಾದಾ ಬಕಲ್, ಬಿಚ್ಚುವ ಬಕಲ್, ಇಲಾಸ್ಟಿಕ್ ಹೀಗೆ ಒಂದೊಂದು ಬಗೆ ಹಂಚಿ ಆರು ತಿಂಗಳು ನೋಡಿದರು. 391 ಬೆಕ್ಕುಗಳು ಕೊನೆಯವರೆಗೂ ಹಾಕಿಕೊಂಡಿದ್ದವು. ಬೆಕ್ಕು ಪಟ್ಟಿ ಇಟ್ಟುಕೊಳ್ಳುವುದೇ ಇಲ್ಲ ಅನ್ನುವವರಿಗೆ ಇದು ಉತ್ತರ. 18 ಬೆಕ್ಕುಗಳಿಗೆ ಕಾಲು ಸಿಕ್ಕಿಕೊಳ್ಳುವುದು, ಬಾಯಿಗೆ ಸಿಕ್ಕಿಕೊಳ್ಳುವುದು, ಎಲ್ಲೋ ತಗುಲಿಕೊಳ್ಳುವುದು ಇಂಥ ತೊಂದರೆ ಆಗಿತ್ತು. ಕಡಿಮೆ ಅನ್ನಿಸಬಹುದು. ಆದರೆ ಆ 18ರಲ್ಲಿ ನಮ್ಮ ಬೆಕ್ಕು ಇರಬಾರದು ಅಲ್ವಾ?

ಅಳತೆ ಬಗ್ಗೆ: ಪಟ್ಟಿಗೂ ಕುತ್ತಿಗೆಗೂ ನಡುವೆ ಒಂದು ಬೆರಳು ಆರಾಮಾಗಿ, ಎರಡು ಬೆರಳು ಬಿಗಿಯಾಗಿ ಹೋಗಬೇಕು. ಅದಕ್ಕಿಂತ ಸಡಿಲ ಬಿಟ್ಟರೆ ಕೆಳ ದವಡೆ ಸಿಕ್ಕಿಕೊಳ್ಳುತ್ತದೆ. ಮರಿಗಳಿಗೆ ಹಾಕಿದರೆ ವಾರಕ್ಕೊಮ್ಮೆಯಾದರೂ ನೋಡಿ, ಅವು ಬೆಳೆಯುವ ವೇಗಕ್ಕೆ ಪಟ್ಟಿ ಬಿಗಿಯಾಗುವುದು ಗೊತ್ತೇ ಆಗುವುದಿಲ್ಲ. ಉದ್ದ ಕೂದಲಿನ ಪರ್ಷಿಯನ್ ಸಾಕಿದವರು ಆಗಾಗ ಬಿಚ್ಚಿ ಬಾಚಬೇಕು, ಇಲ್ಲದಿದ್ದರೆ ಕೆಳಗೆ ಗಂಟು ಕಟ್ಟುತ್ತದೆ. ಕುತ್ತಿಗೆ ಕೆಂಪಾದರೆ, ಕೂದಲು ಉದುರಿದರೆ ತೆಗೆದುಬಿಡಿ.

ಮೂರನೆಯ ಕಾಲರ್‌ನಲ್ಲಿದ್ದ ಗೆಜ್ಜೆಯನ್ನು ನಾನು ಕತ್ತರಿಸಿ ತೆಗೆದೆ. ಹೊರಗೆ ಹಕ್ಕಿ ಹಿಡಿಯುವ ಬೆಕ್ಕಿಗೆ ಅದರಿಂದ ಉಪಯೋಗ ಇದೆ, ಹಕ್ಕಿಗೆ ಮುಂಚೆಯೇ ಸುಳಿವು ಸಿಗುತ್ತದೆ. ಮನೆಯೊಳಗೆ ಯಾವ ಹಕ್ಕಿ? ಬೆಕ್ಕಿನ ಕಿವಿ ನಮ್ಮ ಕಿವಿಗಿಂತ ಎಷ್ಟೋ ಸೂಕ್ಷ್ಮ. ಅದರ ಹತ್ತಿರವೇ ಇಡೀ ದಿನ ಗಲಗಲ ಅನ್ನಿಸುವುದು ನನಗೆ ಸರಿ ಕಾಣಲಿಲ್ಲ.

ನೇತಾಡುವ ಹೆಸರಿನ ಬಿಲ್ಲೆಯೂ ಬೇಡ ಅಂತ ತೀರ್ಮಾನಿಸಿದೆ. ಅದು ಗ್ರಿಲ್ಲಿಗೆ ಸಿಕ್ಕುತ್ತದೆ, ಊಟದ ತಟ್ಟೆಗೆ ಬಡಿಯುತ್ತದೆ. ನಂಬರನ್ನು ಪಟ್ಟಿಯ ಮೇಲೇ ಹೊಲಿಸಿದೆ. ಚೌಕಿಪೇಟೆ ಕಡೆ ಕಂಪ್ಯೂಟರ್ ಎಂಬ್ರಾಯ್ಡರಿ ಮಾಡುವ ಹುಡುಗನಿಗೆ ಕೊಟ್ಟೆ. ತೆಳು ಹತ್ತಿ ಪಟ್ಟಿಯ ಮೇಲೆ ನಂಬರ್ ಹಾಕಿಸಿ, ಅದನ್ನು ಕಾಲರ್ ಮೇಲೆ ನಾನೇ ಹೊಲಿದೆ. ಒಂದು ಸೆಂಟಿಮೀಟರ್ ಅಗಲದಲ್ಲಿ ಹತ್ತು ಅಂಕಿ ಸ್ಪಷ್ಟವಾಗಿ ಕೂರುತ್ತದೆ. ಕನ್ನಡದಲ್ಲಿ ಒಂದು ಮಾತು ಇರಲಿ ಅಂತ "ಸಾಕಿದ ಬೆಕ್ಕು" ಅಂತ ಹಾಕಲು ಹೇಳಿದ್ದೆ. ಒತ್ತಕ್ಷರ ಅಷ್ಟು ಸಣ್ಣ ಜಾಗದಲ್ಲಿ ದಾರ ಗುಡ್ಡೆಯಾಗಿ ಕಾಣಿಸುತ್ತದೆ ಅಂದ. ನಿಜ, ತೋರಿಸಿದ. ಆಮೇಲೆ "ಫೋನ್ ಮಾಡಿ" ಅಂತ ಹಾಕಿಸಿದೆವು. ಒತ್ತೇ ಇಲ್ಲ, ಚೆನ್ನಾಗಿ ಬಂದಿದೆ. ಒಂದಕ್ಕೆ 40 ರೂಪಾಯಿ ತೆಗೆದುಕೊಂಡ.

ಬಿಚ್ಚುವ ಕಾಲರ್ ಅಂದಮೇಲೆ ಬಿದ್ದುಹೋಗುವುದೂ ಇದ್ದೇ ಇದೆ. ಆಗ ಗುರುತಿಗೆ ಏನು? ಅದಕ್ಕೆ ಮೈಕ್ರೋಚಿಪ್. ಅಕ್ಕಿ ಕಾಳಿನಷ್ಟು ದೊಡ್ಡದು, ಭುಜದ ಮಧ್ಯೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. 15 ಅಂಕಿಯ ಒಂದು ನಂಬರ್ ಅಷ್ಟೇ ಅದರಲ್ಲಿರುವುದು. ಬ್ಯಾಟರಿ ಇಲ್ಲ, ಬೆಕ್ಕು ಎಲ್ಲಿದೆ ಅಂತ ತೋರಿಸುವುದಿಲ್ಲ. ಓದಲು ಸ್ಕ್ಯಾನರ್ ಬೇಕು. ಅದೇ 2010ರ ಅಧ್ಯಯನದಲ್ಲಿ ಆರು ತಿಂಗಳ ನಂತರ 478 ಬೆಕ್ಕುಗಳ ಚಿಪ್ ಪರೀಕ್ಷಿಸಿದರು, 477 ಸರಿಯಾಗಿ ಕೆಲಸ ಮಾಡುತ್ತಿದ್ದವು. ಚಿಪ್ ನಂಬಬಹುದು. ಆದರೆ ನಮ್ಮ ಓಣಿಯ ಹಾಲಿನವನ ಹತ್ತಿರ ಸ್ಕ್ಯಾನರ್ ಇರುವುದಿಲ್ಲ, ಫೋನ್ ಇರುತ್ತದೆ. ಅದಕ್ಕೇ ಒಂದು ಇದ್ದರೆ ಇನ್ನೊಂದು ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಲರ್ ಕಂಡರೆ ಆಗುವುದೇ ಇಲ್ಲ, ಹೊತ್ತಾರೆಯಿಂದ ಕಿತ್ತುಕೊಳ್ಳುತ್ತಲೇ ಇರುತ್ತದೆ ಅನ್ನುವ ಬೆಕ್ಕಿಗೆ ಮಾತ್ರ ಚಿಪ್ ಒಂದೇ ಸಾಕು. ಹಾಕಿಸುವ ಮುಂಚೆ ಡಾಕ್ಟರ ಹತ್ತಿರ ಸ್ಕ್ಯಾನರ್ ಇದೆಯಾ ಕೇಳಿ. ಹಾಕಿಸಿದ ಮೇಲೆ ನಿಮ್ಮ ಹೆಸರು, ಫೋನ್ ನಂಬರ್ ನೋಂದಣಿ ಆಯಿತಾ ನೋಡಿ. ಅದಾಗದಿದ್ದರೆ ಬರಿ ಅಂಕಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಚಿಗಟಕ್ಕೆ ಅಂತ ಔಷಧಿ ಕಾಲರ್ ಕೂಡ ತೋರಿಸಿದರು. ಅದನ್ನು ಡಾಕ್ಟರನ್ನು ಕೇಳದೆ ಹಾಕಬೇಡಿ. ನಾಯಿಗೆ ಮಾಡಿದ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ಬೆಕ್ಕಿಗೆ ಅದು ವಿಷ. ನಡುಕ, ಸೆಳೆತ ಬಂದು ಜೀವ ಹೋಗಬಹುದು. ಅರ್ಧ ಹಾಕಿದರೆ ಸಾಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ರಾಗಿ ಮೊದಲ ದಿನ ಹಿಂದಕ್ಕೆ ಹಿಂದಕ್ಕೆ ನಡೆದಳು, ಸಂಜೆಗೆ ಮರೆತಳು. ಕರಿಯ ಆಗಾಗ ಬಿಚ್ಚಿಕೊಂಡು ಬರುತ್ತಾನೆ, ಪಟ್ಟಿ ಬೀರು ಹಿಂದೆಯೋ ಮೆಷಿನ್ ಕೆಳಗೋ ಸಿಗುತ್ತದೆ. ಹಾಗೆ ಸಿಕ್ಕಾಗೆಲ್ಲ ಬಕಲ್ ತನ್ನ ಕೆಲಸ ಮಾಡಿತು ಅಂತ ನನಗೆ ಸಮಾಧಾನ. ಮತ್ತೆ ಹಾಕುತ್ತೇನೆ. ಎರಡು ಹೆಚ್ಚಿಗೆ ತಂದಿಟ್ಟುಕೊಳ್ಳಿ, ನಂಬರ್ ಹೊಲಿಸಿಯೇ ಇಡಿ.

ಈ ಮೂರನೆಯ ಕಾಲರ್‌ನಲ್ಲಿ ನನಗಿರುವ ತಕರಾರು ಬಣ್ಣದ್ದು. ಗಾಢ ನೀಲಿ, ಮರೂನ್ ಬಿಟ್ಟು ಬೇರೆ ಇಟ್ಟಿಲ್ಲ. ಕರಿಯನ ಕಪ್ಪು ಮೈ ಮೇಲೆ ನೀಲಿ ಹಗಲಲ್ಲೇ ಕಾಣುವುದಿಲ್ಲ, ರಾತ್ರಿ ಓಣಿಯಲ್ಲಿ ಟಾರ್ಚ್ ಬಿಟ್ಟರೆ ಕಾಣುತ್ತದಾ? ಹಳದಿ ಬೇಕು, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮುಂದಿನ ಮಾಲ್ ಬಂದಾಗ ತಿಳಿಸಿ ಅಂತ ಅಂಗಡಿಯಲ್ಲಿ ನಂಬರ್ ಕೊಟ್ಟು ಬಂದಿದ್ದೇನೆ.